"ಪಾಸಾದವರು ಮಾತ್ರ ಆಡಲಿ" ಅನ್ನೋ ನಿಯಮಕ್ಕೂ ಒಂದು ಚರಿತ್ರೆ ಇದೆ

ಪೋಸ್ಟ್ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ಮತ್ತೆ ನಡೀಬೇಕು ಅನ್ನೋ ಮಾತು ಬಂದಾಗಲೆಲ್ಲ ಒಂದು ಕಾಮೆಂಟ್ ತಪ್ಪದೆ ಬರುತ್ತೆ: "ಮೊದಲು ಸಬ್ಜೆಕ್ಟ್ ಪಾಸ್ ಮಾಡ್ಕೊಳ್ಳಲಿ, ಆಮೇಲೆ ಲೀಡರ್ ಆಗಲಿ." ಆಟ, ನಾಟಕ, ಎನ್‌ಸಿಸಿ ಯಾವುದರ ವಿಷಯಕ್ಕೂ ಇದೇ ಮಾತು. ಕೇಳೋಕೆ ನ್ಯಾಯವಾಗಿಯೇ ಇದೆ. ಮಕ್ಕಳು ಓದೋದು ಬೇಡ ಅಂತ ನಮ್ಮಲ್ಲಿ ಯಾರು ಹೇಳ್ತಾರೆ? ಅಕ್ಷರಕ್ಕಾಗಿ ತಲೆಮಾರುಗಟ್ಟಲೆ ಕಾದವರು ನಾವು. ಆದರೆ ಈ ನಿಯಮ ಯಾರ ಕೈಯಲ್ಲಿ ಹುಟ್ಟಿತು, ಯಾರನ್ನು ಹೊರಗೆ ನಿಲ್ಲಿಸಿತು ಅಂತ ನೋಡಬೇಕಾದರೆ ಒಮ್ಮೆ ಅಮೆರಿಕಕ್ಕೆ ಹೋಗಿ ಬರಬೇಕು. ನಮ್ಮಲ್ಲಿ ಈಗ ನಡೆಯೋ ಇದೇ ಜಗಳವನ್ನು ಅಲ್ಲಿನ ಕಪ್ಪು ಸಮುದಾಯ 40 ವರ್ಷದ ಹಿಂದೆಯೇ ಬೀದಿಗೆ ತಂದು ಆಡಿದೆ. ಅದೂ ತಮ್ಮತಮ್ಮಲ್ಲೇ ಎರಡು ಬಣವಾಗಿ.

ಅಲ್ಲಿ ಕಾಲೇಜು ಕ್ರೀಡೆ ಅಂದ್ರೆ ನಮ್ಮ ಇಂಟರ್‌ಕಾಲೇಜು ಟೂರ್ನಮೆಂಟ್ ಥರ ಅಲ್ಲ. ಟಿವಿ, ದೊಡ್ಡ ದೊಡ್ಡ ಸ್ಟೇಡಿಯಂ, ಕೋಟಿಗಟ್ಟಲೆ ಡಾಲರ್. ಇದನ್ನೆಲ್ಲ ನಡೆಸೋ ಸಂಸ್ಥೆಯ ಹೆಸರು ಎನ್‌ಸಿಎಎ. ಆಡೋ ಹುಡುಗರಿಗೆ ಆಗ ಸಂಬಳ ಇರಲಿಲ್ಲ, ಸಿಗ್ತಿದ್ದದ್ದು ಸ್ಕಾಲರ್‌ಶಿಪ್ ಮಾತ್ರ. ಅಂದ್ರೆ ಓದೇ ಅವರ ಕೂಲಿ. ಆ ಕೂಲಿಯನ್ನಾದರೂ ಕೊಟ್ಟರಾ? ಕ್ರೈಟನ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಬ್ಯಾಸ್ಕೆಟ್‌ಬಾಲ್ ಆಡಿದ ಕೆವಿನ್ ರಾಸ್ ಅನ್ನೋ ಕಪ್ಪು ಯುವಕ 1982ರಲ್ಲಿ ಶಿಕಾಗೋದ ಮಕ್ಕಳ ಶಾಲೆಯೊಂದಕ್ಕೆ ಸೇರಿ, ಚಿಕ್ಕ ಮಕ್ಕಳ ಪಕ್ಕ ಕೂತು ಓದು ಕಲಿಯಬೇಕಾಯ್ತು. ಫುಟ್‌ಬಾಲ್ ತಾರೆ ಡೆಕ್ಸ್‌ಟರ್ ಮ್ಯಾನ್ಲಿ 1989ರಲ್ಲಿ ಸೆನೆಟ್ ಸಮಿತಿಯ ಮುಂದೆ ಕಣ್ಣೀರು ಹಾಕುತ್ತಾ, ಕಾಲೇಜಲ್ಲಿ ನಾಲ್ಕು ವರ್ಷ ಇದ್ದರೂ ತನಗೆ ಓದೋಕೆ ಬರ್ತಿರಲಿಲ್ಲ ಅಂತ ಹೇಳಿದ. ಫೇಲಾದ ಆಟಗಾರರನ್ನು ಸುಮ್ಮನೆ ಪಾಸ್ ಮಾಡ್ತಿದ್ದೀರಿ ಅಂತ ತಕರಾರು ಎತ್ತಿದ ಜ್ಯಾನ್ ಕೆಂಪ್ ಅನ್ನೋ ಅಧ್ಯಾಪಕಿಯನ್ನು ಜಾರ್ಜಿಯಾ ವಿಶ್ವವಿದ್ಯಾಲಯ ಕೆಲಸದಿಂದಲೇ ತೆಗೀತು. ಆಕೆ ಕೋರ್ಟಿಗೆ ಹೋಗಿ 1986ರಲ್ಲಿ ಗೆದ್ದರು.

ರೋಗ ನಿಜವೇ. ಕಪ್ಪು ಹುಡುಗರ ಮೈ ಬೇಕು, ತಲೆ ಬೇಡ ಅನ್ನೋ ವ್ಯವಸ್ಥೆ ಅದು. ಜೀತಕ್ಕೆ ಯೂನಿಫಾರ್ಮ್ ಹಾಕಿದ ಹಾಗೆ. ಪ್ರಶ್ನೆ ಇದ್ದದ್ದು ಮದ್ದಿನ ಬಗ್ಗೆ.

1983ರ ಜನವರಿಯಲ್ಲಿ ಎನ್‌ಸಿಎಎ ಒಂದು ನಿಯಮ ಪಾಸ್ ಮಾಡಿತು. ಹೆಸರು ಪ್ರೊಪೊಸಿಷನ್ 48. ಜಾರಿಗೆ ಬಂದದ್ದು 1986ರಲ್ಲಿ. ಕಾಲೇಜಿಗೆ ಬಂದ ಮೊದಲ ವರ್ಷವೇ ಆಡಬೇಕು ಅಂದ್ರೆ ಹೈಸ್ಕೂಲಿನ 11 ಮುಖ್ಯ ವಿಷಯಗಳಲ್ಲಿ 4ಕ್ಕೆ 2.0 ಸರಾಸರಿ ಇರಬೇಕು, ಜೊತೆಗೆ ಎಸ್‌ಎಟಿ ಪರೀಕ್ಷೆಯಲ್ಲಿ 1600ಕ್ಕೆ 700 ಬರಬೇಕು. ಇಲ್ಲಾಂದ್ರೆ ಎಸಿಟಿ ಅನ್ನೋ ಇನ್ನೊಂದು ಪರೀಕ್ಷೆಯಲ್ಲಿ 15. ಎರಡರಲ್ಲಿ ಒಂದು ಇದ್ದು ಇನ್ನೊಂದು ಇಲ್ಲದಿದ್ದರೆ ಸ್ಕಾಲರ್‌ಶಿಪ್ ತಗೊಂಡು ಓದಬಹುದು, ಆದರೆ ಮೊದಲ ವರ್ಷ ಆಟವೂ ಇಲ್ಲ, ಅಭ್ಯಾಸವೂ ಇಲ್ಲ. ಟೆಕ್ಸಾಸ್ ರಾಜ್ಯ 1984ರಲ್ಲಿ ಇದನ್ನೇ ಶಾಲೆಗಳಿಗೂ ಇಳಿಸಿತು: ಒಂದು ವಿಷಯದಲ್ಲಿ 70ಕ್ಕಿಂತ ಕಡಿಮೆ ಬಂದರೂ ಆರು ವಾರ ಆಟ, ಬ್ಯಾಂಡು ಎಲ್ಲ ಬಂದ್.

700 ಕೇಳೋದು ದೊಡ್ಡದಾ ಅಂತ ಅನ್ನಿಸಬಹುದು. ಪರೀಕ್ಷೆ ಹುಟ್ಟಿದ ಮನೆ ನೋಡಿ. ಎಸ್‌ಎಟಿಯನ್ನು ರೂಪಿಸಿದ ಕಾರ್ಲ್ ಬ್ರಿಗಮ್ ಪ್ರಿನ್ಸ್‌ಟನ್ನಿನ ಪ್ರೊಫೆಸರ್. ಮೊದಲ ಮಹಾಯುದ್ಧದಲ್ಲಿ ಸೈನಿಕರಿಗೆ ಕೊಟ್ಟಿದ್ದ ಬುದ್ಧಿಪರೀಕ್ಷೆಗಳ ಅಂಕ ಹಿಡ್ಕೊಂಡು 1923ರಲ್ಲಿ ಒಂದು ಪುಸ್ತಕ ಬರೆದ. ಉತ್ತರ ಯುರೋಪಿನ ಬಿಳಿಯರು ಬುದ್ಧಿಯಲ್ಲಿ ಮೇಲು, ಕಪ್ಪುಜನ ಕೀಳು, ಬೆರಕೆಯಿಂದ ದೇಶದ ಬುದ್ಧಿ ಕುಸಿಯುತ್ತೆ ಅನ್ನೋದು ಅದರ ತಿರುಳು. ನಮ್ಮ ಮನುವಿನ ಅಮೆರಿಕನ್ ಆವೃತ್ತಿ ಅನ್ನಿ. ಮೂರು ವರ್ಷದ ನಂತರ, 1926ರಲ್ಲಿ, ಮೊದಲ ಎಸ್‌ಎಟಿ ನಡೀತು. 1930ರಲ್ಲಿ ಆತನೇ ತನ್ನ ಪುಸ್ತಕಕ್ಕೆ ಬುನಾದಿಯೇ ಇಲ್ಲ ಅಂತ ಬರೆದ. ಪುಸ್ತಕ ಹೋಯ್ತು, ಪರೀಕ್ಷೆ ಉಳೀತು. ಆ ಕಾಲದ ಪರೀಕ್ಷೆಗೂ 1980ರ ಪರೀಕ್ಷೆಗೂ ವ್ಯತ್ಯಾಸ ಇತ್ತು, ಒಪ್ಪೋಣ. ಆದರೆ ಮನೆಯ ಆದಾಯ, ಶಾಲೆಯ ಗುಣಮಟ್ಟ, ಕೋಚಿಂಗಿಗೆ ಕೊಡೋ ದುಡ್ಡು ಎಲ್ಲವೂ ಅಂಕದಲ್ಲಿ ಕಾಣ್ತಿತ್ತು. ನಿಯಮ ಜಾರಿಯಾದ ಮೇಲೆ ಅದರಡಿ ಸಿಕ್ಕಿಬಿದ್ದವರಲ್ಲಿ ಬಹುಪಾಲು ಕಪ್ಪು ಹುಡುಗರು. ಯಾರಿಗೂ ಆಶ್ಚರ್ಯ ಆಗಲಿಲ್ಲ.

ಕಪ್ಪುಜನರಿಗಾಗಿಯೇ ಕಟ್ಟಿದ ವಿಶ್ವವಿದ್ಯಾಲಯಗಳ ಮುಖ್ಯಸ್ಥರು 1983ರಲ್ಲೇ ಎದ್ದು ನಿಂತು ವಿರೋಧಿಸಿದರು. ಜೆಸ್ಸಿ ಜಾಕ್ಸನ್ ವಿರೋಧಿಸಿದರು. ಆದರೆ ಹ್ಯಾರಿ ಎಡ್ವರ್ಡ್ಸ್? 1968ರ ಮೆಕ್ಸಿಕೋ ಒಲಿಂಪಿಕ್ಸಿನಲ್ಲಿ ಇಬ್ಬರು ಕಪ್ಪು ಓಟಗಾರರು ಮುಷ್ಟಿ ಎತ್ತಿ ನಿಂತ ಚಿತ್ರ ನಮ್ಮ ಅರ್ಧ ಜನರ ಪ್ರೊಫೈಲಲ್ಲಿ ಇರುತ್ತಲ್ಲ, ಆ ಚಳವಳಿಯ ಸಂಘಟಕ ಈ ಎಡ್ವರ್ಡ್ಸ್. ಅವರು ನಿಯಮದ ಪರ ನಿಂತರು! 700 ಅನ್ನೋದು ತೀರಾ ಕಡಿಮೆ, ನಮ್ಮ ಮಕ್ಕಳಿಂದ ಇಷ್ಟೂ ಆಗಲ್ಲ ಅನ್ನೋದೇ ಅವಮಾನ ಅನ್ನೋದು ಅವರ ವಾದ. ವಿಂಬಲ್ಡನ್ ಗೆದ್ದ ಮೊದಲ ಕಪ್ಪು ಪುರುಷ ಆರ್ಥರ್ ಆಶ್ ಕೂಡ ಆಮೇಲೆ ಬಂದ ಇನ್ನೂ ಕಟ್ಟುನಿಟ್ಟಿನ ನಿಯಮವನ್ನೇ ಬೆಂಬಲಿಸಿದರು. ಇವರಿಬ್ಬರನ್ನು ಸಮುದಾಯ ದ್ರೋಹಿಗಳು ಅಂತ ಒಂದೇ ಏಟಿಗೆ ತಳ್ಳೋಕಾಗಲ್ಲ. ನಮ್ಮ ಸಭೆಗಳಲ್ಲೂ ಹಿರಿಯರು ಹೀಗೆಯೇ ಮಾತಾಡ್ತಾರೆ, "ರಿಯಾಯಿತಿ ಕೇಳಬೇಡಿ, ಅವರಿಗಿಂತ ಹೆಚ್ಚು ಅಂಕ ತಗೊಂಡು ತೋರಿಸಿ" ಅಂತ. ಆ ಮಾತಿನ ಹಿಂದಿರೋ ಸ್ವಾಭಿಮಾನ ನನಗೆ ಅರ್ಥ ಆಗುತ್ತೆ.

ಇನ್ನೂ ಕಟ್ಟುನಿಟ್ಟಿನದು ಅಂದೆನಲ್ಲ, ಅದು ಪ್ರೊಪೊಸಿಷನ್ 42. 1989ರ ಜನವರಿಯಲ್ಲಿ 163–154 ಮತದಿಂದ ಪಾಸಾಯ್ತು. ಒಂದೇ ಒಂದು ಬದಲಾವಣೆ: ಅರ್ಧ ಅರ್ಹತೆ ಇರೋ ಹುಡುಗನಿಗೆ ಮೊದಲ ವರ್ಷ ಸ್ಕಾಲರ್‌ಶಿಪ್ಪೂ ಇಲ್ಲ. ಮೊದಲಿನ ನಿಯಮ "ಒಂದು ವರ್ಷ ಆಡಬೇಡ, ನಮ್ಮ ಖರ್ಚಲ್ಲಿ ಕೂತು ಓದು" ಅಂತಿತ್ತು. ಇದು "ದುಡ್ಡಿದ್ದರೆ ಬಾ, ಇಲ್ಲದಿದ್ದರೆ ಹೋಗು" ಅಂತು. ಓದು ಮುಖ್ಯ ಅಂತ ಹೇಳ್ತಾ ಹೇಳ್ತಾ ಓದೋ ದಾರಿಯನ್ನೇ ಮುಚ್ಚೋದು ಅಂದ್ರೆ ಇದೇ.

ಇದಕ್ಕೆ ಎದುರು ನಿಂತವರು ಜಾನ್ ಥಾಂಪ್ಸನ್. ವಾಷಿಂಗ್‌ಟನ್ನಿನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಕೋಚ್, ಆರೂ ಮುಕ್ಕಾಲು ಅಡಿಗಿಂತ ಎತ್ತರದ ಆಳು. 1984ರಲ್ಲಿ ಅಗ್ರ ವಿಭಾಗದ ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದ ಮೊದಲ ಕಪ್ಪು ಮುಖ್ಯ ಕೋಚ್. ಪಂದ್ಯದ ಹೊತ್ತಲ್ಲಿ ಹೆಗಲ ಮೇಲೆ ಯಾವಾಗಲೂ ಒಂದು ಬಿಳಿ ಟವೆಲ್. (ನಮ್ಮ ಅಜ್ಜಂದಿರು ಊರ ಗೌಡರ ಬೀದಿಯಲ್ಲಿ ಹೆಗಲ ಟವೆಲ್ ತೆಗೆದು ಕಂಕುಳಲ್ಲಿ ಇಟ್ಕೋಬೇಕಿತ್ತು. ಥಾಂಪ್ಸನ್ ಫೋಟೋ ನೋಡಿದಾಗಲೆಲ್ಲ ನನಗೆ ಅದೇ ನೆನಪಾಗುತ್ತೆ.) ಅವರ ತಂದೆಗೆ ಓದು ಬರಹ ಬರ್ತಿರಲಿಲ್ಲ. ಥಾಂಪ್ಸನ್ ಓದಿನ ವಿರೋಧಿ ಅಂತೂ ಅಲ್ಲವೇ ಅಲ್ಲ. ಗಾಳಿ ಬಿಟ್ಟ ಚೆಂಡೊಂದನ್ನು ಆಫೀಸಲ್ಲಿ ಇಟ್ಕೊಂಡಿದ್ದರು, ಆಟ ಮುಗಿದ ಮೇಲೆ ನಿಮ್ಮ ಕೈಲಿ ಉಳಿಯೋದು ಇಷ್ಟೇ ಅಂತ ಹುಡುಗರಿಗೆ ತೋರಿಸೋಕೆ. ಮೇರಿ ಫೆನ್ಲನ್ ಅನ್ನೋ ಅಧ್ಯಾಪಕಿಯನ್ನು ಬರೀ ಓದಿನ ಉಸ್ತುವಾರಿಗೆ ಅಂತಲೇ ತಂಡಕ್ಕೆ ಸೇರಿಸ್ಕೊಂಡಿದ್ದರು. ಪಂದ್ಯದ ದಿನ ಆಕೆ ಕೋಚ್‌ಗಳ ಬೆಂಚಿನಲ್ಲೇ ಕೂರ್ತಿದ್ದರು. ನಾಲ್ಕು ವರ್ಷ ಪೂರ್ತಿ ಇದ್ದ ಆಟಗಾರರಲ್ಲಿ ಬಹುತೇಕ ಎಲ್ಲರೂ ಡಿಗ್ರಿ ಪಡೆದೇ ಹೋದರು. ಮಕ್ಕಳನ್ನು ಒಳಗೆ ಸೇರಿಸ್ಕೊಂಡು ಓದಿಸಿ ತೋರಿಸಿದ ಮನುಷ್ಯ.

1989ರ ಜನವರಿ 14, ಶನಿವಾರ. ಬಾಸ್ಟನ್ ಕಾಲೇಜಿನ ಜೊತೆ ಪಂದ್ಯ. ಆಟ ಶುರುವಾಗೋ ಹೊತ್ತಿಗೆ ಥಾಂಪ್ಸನ್ ಅಂಗಳದಿಂದ ಎದ್ದು ಹೊರಗೆ ನಡೆದುಬಿಟ್ಟರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮರುದಿನ ಮಾರ್ಟಿನ್ ಲೂಥರ್ ಕಿಂಗ್ ಹುಟ್ಟಿದ ದಿನ. ಮುಂದಿನ ಪಂದ್ಯಕ್ಕೂ ಅವರು ಬರಲಿಲ್ಲ. ಟೆಂಪಲ್ ವಿಶ್ವವಿದ್ಯಾಲಯದ ಕೋಚ್ ಜಾನ್ ಚೇನಿ ದನಿಗೂಡಿಸಿದರು. ನಿಯಮ ಮರುಪರಿಶೀಲಿಸ್ತೀವಿ ಅಂತ ಎನ್‌ಸಿಎಎ ಕಡೆಯಿಂದ ಮಾತು ಬಂದ ಮೇಲೆ ಥಾಂಪ್ಸನ್ ಬೆಂಚಿಗೆ ಮರಳಿದರು. 1990ರ ಜನವರಿಯ ಸಭೆಯಲ್ಲಿ ನಿಯಮ ಸಡಿಲ ಆಯ್ತು: ಕ್ರೀಡಾ ಸ್ಕಾಲರ್‌ಶಿಪ್ ಇಲ್ಲ, ಆದರೆ ಬಡತನದ ಆಧಾರದ ಮೇಲೆ ಕಾಲೇಜು ನೆರವು ಕೊಡಬಹುದು. ಪೂರ್ತಿ ಗೆಲುವಲ್ಲ, ಆದರೆ ಬಾಗಿಲು ಪೂರ್ತಿ ಮುಚ್ಚಲಿಲ್ಲ.

1989ರ ಏಪ್ರಿಲ್ 3ರ ರಾತ್ರಿ ಇನ್ನೊಂದು ಘಟನೆ. ರಾಷ್ಟ್ರೀಯ ಫೈನಲ್, ಮಿಶಿಗನ್ ಮತ್ತು ಸೀಟನ್ ಹಾಲ್. ಹೆಚ್ಚುವರಿ ಸಮಯದಲ್ಲಿ 3 ಸೆಕೆಂಡ್ ಉಳಿದಿದೆ, ಮಿಶಿಗನ್ ಒಂದು ಅಂಕ ಹಿಂದಿದೆ. ರುಮೀಲ್ ರಾಬಿನ್‌ಸನ್ ಎರಡು ಫ್ರೀ ಥ್ರೋ ಹಾಕಿ ಎರಡನ್ನೂ ಬುಟ್ಟಿಗಿಳಿಸಿದ. 80–79. ಈ ರಾಬಿನ್‌ಸನ್ ಯಾರು ಗೊತ್ತಾ? ಪ್ರೊಪೊಸಿಷನ್ 48ರ ಅಡಿ ಮೊದಲ ವರ್ಷ ಆಟದಿಂದ ಹೊರಗೆ ಕೂತವನು. ಅವನಿಗೆ ಸ್ಕಾಲರ್‌ಶಿಪ್ ಉಳಿದಿತ್ತು, ಅದಕ್ಕೇ ಕಾಲೇಜಲ್ಲಿ ಉಳಿದ. ಮೂರು ತಿಂಗಳ ಹಿಂದೆ ಪಾಸಾದ ನಿಯಮ ಅವನ ಕಾಲದಲ್ಲೇ ಇದ್ದಿದ್ದರೆ? ಎಡ್ವರ್ಡ್ಸ್ ಸರಿಯೋ ಥಾಂಪ್ಸನ್ ಸರಿಯೋ ಅಂತ ಕೇಳಿದರೆ ನಾನು ಇದನ್ನೇ ತೋರಿಸ್ತೀನಿ. ಮಟ್ಟ ಇರಲಿ. ಮಟ್ಟ ಮುಟ್ಟದಿದ್ದಾಗ ಅದರ ಬೆಲೆ ಯಾರು ತೆರಬೇಕು ಅನ್ನೋದು ಪ್ರಶ್ನೆ. 12 ವರ್ಷ ಕಲಿಸದ ಶಾಲೆಯೋ, ಕಲಿಯೋಕೆ ಸಿಗದ ಹುಡುಗನೋ?

ನಾನು ಓದಿದ ಹೈಸ್ಕೂಲಲ್ಲಿ ಕಿರುಪರೀಕ್ಷೆಯಲ್ಲಿ ಕಡಿಮೆ ಬಂದವರನ್ನು ತಾಲ್ಲೂಕು ಮಟ್ಟದ ಕಬಡ್ಡಿಗೆ ಕರ್ಕೊಂಡು ಹೋಗ್ತಿರಲಿಲ್ಲ. ಎರಡು ವರ್ಷ ಗಣಿತಕ್ಕೆ ಮೇಷ್ಟ್ರೇ ಇರಲಿಲ್ಲ. ಅದಕ್ಕೆ ಯಾರನ್ನೂ ಹೊರಗೆ ಕೂರಿಸಲಿಲ್ಲ.

ಅಮೆರಿಕದ ಕತೆ ಅಲ್ಲಿಗೆ ಮುಗೀಲಿಲ್ಲ. 1996ರಿಂದ ಇನ್ನೂ ಬಿಗಿಯಾದ ಪ್ರೊಪೊಸಿಷನ್ 16 ಜಾರಿಯಾಯ್ತು. ಫಿಲಡೆಲ್ಫಿಯಾದ ಸರ್ಕಾರಿ ಹೈಸ್ಕೂಲಿನ ಇಬ್ಬರು ಕಪ್ಪು ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. 305 ಜನರ ಬ್ಯಾಚಿನಲ್ಲಿ ಹುಡುಗಿ 5ನೆಯವಳು, ಹುಡುಗ 27ನೆಯವನು. ಶಾಲೆಯ ಮೇಷ್ಟ್ರುಗಳ ಲೆಕ್ಕದಲ್ಲಿ ಜಾಣರು, ಒಂದು ಬೆಳಗಿನ ಪರೀಕ್ಷೆಯ ಲೆಕ್ಕದಲ್ಲಿ ಅನರ್ಹರು. 1999ರ ಮಾರ್ಚ್‌ನಲ್ಲಿ ಜಿಲ್ಲಾ ನ್ಯಾಯಾಲಯ ಈ ನಿಯಮ ಕಪ್ಪುಜನರಿಗೆ ತಾರತಮ್ಯದ ಪೆಟ್ಟು ಕೊಡುತ್ತೆ ಅಂತ ತೀರ್ಪು ಕೊಟ್ಟಿತು. ಡಿಸೆಂಬರಲ್ಲಿ ಮೇಲಿನ ಕೋರ್ಟು ಅದನ್ನು ತಿರುಗಿಸಿತು. ಕಾರಣ ಕೇಳಿ: ಎನ್‌ಸಿಎಎ ಮಾಡಿದ ಈ ನಿಯಮಕ್ಕೆ ಆ ಕಾನೂನು ತಗುಲಲ್ಲ! ನಿಯಮ ನ್ಯಾಯವಾ ಅನ್ನೋ ಮಾತೇ ಬರಲಿಲ್ಲ. ಕೊನೆಗೆ 2023ರ ಜನವರಿಯಲ್ಲಿ ಎನ್‌ಸಿಎಎ ತಾನಾಗಿಯೇ ಎಸ್‌ಎಟಿ, ಎಸಿಟಿ ಅಂಕದ ಷರತ್ತನ್ನು ತೆಗೆದುಹಾಕಿತು. ಅಷ್ಟರಲ್ಲಿ 36 ವರ್ಷ ಕಳೆದಿತ್ತು.

ಈಗ ಒಂದು ಅಂಕ ಹೇಳ್ತೀನಿ, 282. 750ಕ್ಕೆ 282. 1907ರ ಮೆಟ್ರಿಕ್ಯುಲೇಷನ್‌ನಲ್ಲಿ ಭೀಮರಾವ್ ಅಂಬೇಡ್ಕರ್ ಅನ್ನೋ ಹುಡುಗನಿಗೆ ಬಂದ ಅಂಕ ಅದು. ಶೇಕಡಾ 38ಕ್ಕೂ ಕಡಿಮೆ. ಆರು ವರ್ಷದ ನಂತರ ಬರೋಡಾ ಮಹಾರಾಜರ ಸ್ಕಾಲರ್‌ಶಿಪ್ ಮೇಲೆ ಆ ಹುಡುಗ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದ. ಮುಂದಿನದು ನಿಮಗೆ ಗೊತ್ತು. ಆ 282ರ ಮೇಲೆ ಯಾರಾದರೂ ಗೆರೆ ಎಳೆದು "ಅರ್ಹನಲ್ಲ" ಅಂತ ಬರೆದಿದ್ದರೆ ಅನ್ನೋದನ್ನ ಯೋಚನೆ ಮಾಡೋಕೂ ಭಯ ಆಗುತ್ತೆ.

ನಮ್ಮಲ್ಲಿ ಆ ಗೆರೆ ಎಳೆದಿರೋದು ಲಿಂಗ್ಡೋ ಸಮಿತಿ. ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೋ ಅವರ ವರದಿಯನ್ನು 2006ರ ಸೆಪ್ಟೆಂಬರಲ್ಲಿ ಸುಪ್ರೀಂ ಕೋರ್ಟು ಜಾರಿ ಮಾಡಿ ಅಂತು. ಹಣ, ತೋಳ್ಬಲ ತಡೆಯೋಕೆ ಅಂತ ಹುಟ್ಟಿದ ವರದಿ, ಅದರಲ್ಲಿ ಒಳ್ಳೇದೂ ಇದೆ. ಖರ್ಚಿಗೆ 5,000 ರೂಪಾಯಿ ಮಿತಿ ಹಾಕಿದ್ದು ನಮ್ಮಂಥವರಿಗೆ ಅನುಕೂಲವೇ. ಆದರೆ ಜೊತೆಗೆ ಬಂದ ಷರತ್ತುಗಳು ನೋಡಿ. ಸ್ಪರ್ಧಿಸೋ ವರ್ಷ ಒಂದೂ ಬಾಕಿ ವಿಷಯ ಇರಬಾರದು. ಕನಿಷ್ಠ ಶೇಕಡಾ 75 ಹಾಜರಾತಿ ಇರಬೇಕು. ಪದವಿಯವರಿಗೆ 22 ವಯಸ್ಸು, ಸಂಶೋಧನೆಯವರಿಗೆ 28 ಮೀರಬಾರದು. ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷಿನ ಎರಡು ಪೇಪರಲ್ಲಿ ಬ್ಯಾಕ್‌ಲಾಗ್ ಇರೋನು ಯಾರು? ರಾತ್ರಿ ಡೆಲಿವರಿ ಕೆಲಸ ಮಾಡಿ ಬೆಳಗಿನ ಮೊದಲ ಕ್ಲಾಸು ತಪ್ಪಿಸಿಕೊಳ್ಳೋನು ಯಾರು? ಮಧ್ಯೆ ಎರಡು ವರ್ಷ ಗಾರೆ ಕೆಲಸಕ್ಕೆ ಹೋಗಿ ಮತ್ತೆ ಓದಿಗೆ ಬಂದು ವಯಸ್ಸು ಮೀರಿಸ್ಕೊಂಡವಳು ಯಾರು? ಹಾಸ್ಟೆಲ್ ಊಟ, ತಡವಾಗೋ ಸ್ಕಾಲರ್‌ಶಿಪ್, ಮಾತಾಡಿಸದ ಗೈಡು, ಈ ವಿಷಯಗಳನ್ನು ಎತ್ತಬೇಕಾದವರೇ ಅವರು. ಅವರೇ ನಾಮಪತ್ರ ಹಾಕೋ ಹಾಗಿಲ್ಲ.

ಕರ್ನಾಟಕದಲ್ಲಿ ಈ ಚುನಾವಣೆಗಳು ನಿಂತು ದಶಕಗಳೇ ಆದವು. ಮತ್ತೆ ಶುರುವಾದರೆ ಲಿಂಗ್ಡೋ ಷರತ್ತುಗಳನ್ನೇ ಕಾಪಿ ಮಾಡಿ ತರ್ತಾರೆ, ಅನುಮಾನ ಬೇಡ. ಆಗ ಮಾತಾಡೋಕೆ ನಮ್ಮ ಹತ್ತಿರ ಲೆಕ್ಕ ಇರಬೇಕು. ನಿಮ್ಮ ನಿಮ್ಮ ವಿಶ್ವವಿದ್ಯಾಲಯಕ್ಕೆ ಆರ್‌ಟಿಐ ಅರ್ಜಿ ಹಾಕಿ. ಕಳೆದ ಮೂರು ವರ್ಷದಲ್ಲಿ ಬಾಕಿ ವಿಷಯ ಇರೋ ವಿದ್ಯಾರ್ಥಿಗಳು ಮತ್ತು ಹಾಜರಾತಿ ಕಡಿಮೆ ಅಂತ ಪರೀಕ್ಷೆಗೆ ಕೂರಿಸದ ವಿದ್ಯಾರ್ಥಿಗಳ ಸಂಖ್ಯೆ ಎಷ್ಟು ಅಂತ ಕೇಳಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಸಾಮಾನ್ಯ ವರ್ಗ ಅಂತ ಬೇರೆ ಬೇರೆಯಾಗಿ ಕೇಳಿ. ಹೆಸರು ಬೇಡ, ಸಂಖ್ಯೆ ಸಾಕು. ಅದೇ ಮೂರು ವರ್ಷದಲ್ಲಿ ಎಷ್ಟು ಅಧ್ಯಾಪಕ ಹುದ್ದೆ ಖಾಲಿ ಇದ್ದವು ಅನ್ನೋದನ್ನೂ ಅದೇ ಅರ್ಜಿಯಲ್ಲಿ ಸೇರಿಸಿ. ಉತ್ತರ ಬಂದವರು ಕೆಳಗೆ ಕಾಮೆಂಟಲ್ಲಿ ಹಾಕಿ.