ಫೋರ್ಕ್ ಮತ್ತು ಎಕ್ಸೆಕ್ ನಡುವೆ: ಪ್ರೋಗ್ರಾಂಗಳನ್ನು ಸರಪಣಿಯಾಗಿ ಜೋಡಿಸುವ ವಿದ್ಯೆ ಬೆಳೆದ ಬಗೆ

ಲಿನಕ್ಸ್ ಅಥವಾ ಮ್ಯಾಕ್ ಯಂತ್ರದಲ್ಲಿ ಆಜ್ಞೆಗಳನ್ನು ಬರೆದು ಕೆಲಸ ಮಾಡುವವರು ದಿನಕ್ಕೆ ಹತ್ತಾರು ಸಲ ಎರಡು ಆಜ್ಞೆಗಳ ನಡುವೆ ಒಂದು ನೆಟ್ಟಗಿನ ಗೆರೆ ಹಾಕುತ್ತಾರೆ. ಎಡಗಡೆಯ ಪ್ರೋಗ್ರಾಂ ಬರೆದದ್ದನ್ನು ಬಲಗಡೆಯದು ಓದುತ್ತದೆ. ತಾನು ಬರೆದದ್ದು ಎಲ್ಲಿಗೆ ಹೋಯಿತೆಂದು ಮೊದಲನೆಯದಕ್ಕೆ ತಿಳಿಯದು. ತನಗೆ ಬಂದದ್ದು ಎಲ್ಲಿಂದ ಬಂತೆಂದು ಎರಡನೆಯದಕ್ಕೆ ತಿಳಿಯದು. ಒಂದನ್ನೊಂದು ಅರಿಯದ ಪ್ರೋಗ್ರಾಂಗಳು ಹೀಗೆ ಕೂಡಿ ದುಡಿಯಬೇಕಾದರೆ ಮೂರು ವಿಚಾರಗಳು ಒಂದೆಡೆ ಸೇರಬೇಕಾಯಿತು: ಇನ್‌ಪುಟ್, ಔಟ್‌ಪುಟ್‌ಗಳ ದಿಕ್ಕು ತಿರುಗಿಸುವುದು, ಒಂದು ಪ್ರೋಸೆಸ್ಸನ್ನು ಎರಡಾಗಿಸುವುದು, ಎರಡರ ನಡುವೆ ಕೊಳವೆ ಇಡುವುದು. ಮೂರೂ ಬಂದ ದಾರಿ ಬೇರೆ, ಕಾಲ ಬೇರೆ. ಅವು ಸಿ ಭಾಷೆಯಲ್ಲಿ ಬರೆಯುವ ನಾಲ್ಕೈದು ಕರೆಗಳಾಗಿ ನೆಲೆನಿಂತ ಬಗೆಯನ್ನೂ, ಆಮೇಲೆ ಎದುರಾದ ತಕರಾರುಗಳನ್ನೂ ಈ ಲೇಖನದಲ್ಲಿ ನೋಡೋಣ.

ತೋಟದ ಪೈಪಿನ ಕನಸು

ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಡಗ್ಲಸ್ ಮೆಕಿಲ್‌ರಾಯ್ 1964ರ ಅಕ್ಟೋಬರ್‌ನಲ್ಲಿ ಒಂದು ಟಿಪ್ಪಣಿ ಬರೆದರು. ತೋಟಕ್ಕೆ ನೀರು ಬಿಡುವ ಪೈಪಿಗೆ ಬೇಕೆಂದಾಗ ಇನ್ನೊಂದು ತುಂಡನ್ನು ತಿರುಪಿ ಸೇರಿಸುತ್ತೇವಲ್ಲ, ಪ್ರೋಗ್ರಾಂಗಳನ್ನೂ ಹಾಗೆಯೇ ಜೋಡಿಸುವಂತಿರಬೇಕು ಎಂಬುದು ಅದರ ಆಶಯ. ಆಗ ಯೂನಿಕ್ಸ್ ಇರಲಿಲ್ಲ, ಸಿ ಭಾಷೆಯೂ ಇರಲಿಲ್ಲ. ಆಶಯ ಕೈಗೂಡಲು ಎಂಟು ವರ್ಷ ಹಿಡಿಯಿತು.

ಆ ನಡುವಿನ ವರ್ಷಗಳಲ್ಲಿ ಬೆಲ್ ಲ್ಯಾಬ್ಸ್, ಎಂಐಟಿ ಮತ್ತು ಜನರಲ್ ಎಲೆಕ್ಟ್ರಿಕ್ ಸೇರಿ ಮಲ್ಟಿಕ್ಸ್ ಎಂಬ ಭಾರಿ ಆಪರೇಟಿಂಗ್ ಸಿಸ್ಟಮ್ ಕಟ್ಟುತ್ತಿದ್ದವು. ಔಟ್‌ಪುಟ್ಟನ್ನು ಟರ್ಮಿನಲ್‌ನಿಂದ ಫೈಲಿಗೆ ತಿರುಗಿಸುವ ಅವಕಾಶ ಅದರಲ್ಲಿತ್ತು. ಆದರೆ ಮೊದಲು ಒಂದು ಆಜ್ಞೆ ಕೊಟ್ಟು ಔಟ್‌ಪುಟ್ಟನ್ನು ಫೈಲಿಗೆ ಕಟ್ಟಬೇಕು, ಆಮೇಲೆ ಕೆಲಸದ ಆಜ್ಞೆ ಕೊಡಬೇಕು, ಕೊನೆಗೆ ಇನ್ನೊಂದು ಆಜ್ಞೆಯಿಂದ ಅದನ್ನು ಮರಳಿ ಟರ್ಮಿನಲ್‌ಗೆ ಕಟ್ಟಬೇಕು. 1969ರಲ್ಲಿ ಬೆಲ್ ಲ್ಯಾಬ್ಸ್ ಆ ಯೋಜನೆಯಿಂದ ಹೊರಬಂತು. ಅದೇ ವರ್ಷ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಪಿಡಿಪಿ-7 ಎಂಬ ಸಣ್ಣ ಯಂತ್ರದ ಮೇಲೆ ಯೂನಿಕ್ಸ್ ಕೆಲಸ ಶುರುಮಾಡಿದರು. ಮಲ್ಟಿಕ್ಸ್‌ನ ಮೂರು ಹೆಜ್ಜೆಗಳು ಅಲ್ಲಿ ಬಹುಬೇಗ < ಮತ್ತು > ಎಂಬ ಎರಡು ಗುರುತುಗಳಿಗೆ ಇಳಿದವು. ಆಜ್ಞೆಯ ಮುಂದೆ ಗುರುತು ಹಾಕಿ ಫೈಲಿನ ಹೆಸರು ಬರೆದರೆ ಮುಗಿಯಿತು. ಬಿಡಿಸುವ ಕೆಲಸವನ್ನು ಯಾರೂ ನೆನಪಿಟ್ಟುಕೊಳ್ಳಬೇಕಾಗಿಲ್ಲ.

ಇಪ್ಪತ್ತೇಳು ಸಾಲಿನ ಫೋರ್ಕ್

ಮೊದಮೊದಲ ಯೂನಿಕ್ಸ್‌ನಲ್ಲಿ ಒಂದು ಟರ್ಮಿನಲ್‌ಗೆ ಒಂದೇ ಪ್ರೋಸೆಸ್. ಆಜ್ಞೆ ಬಂದೊಡನೆ ಶೆಲ್ ತನ್ನ ಜಾಗದಲ್ಲೇ ಆ ಪ್ರೋಗ್ರಾಂ ತುಂಬಿ ತಾನು ಅಳಿಸಿಹೋಗುತ್ತಿತ್ತು. ಕೆಲಸ ಮುಗಿದ ಮೇಲೆ ಶೆಲ್‌ನ ಹೊಸ ಪ್ರತಿಯನ್ನು ಮತ್ತೆ ತುಂಬಬೇಕಿತ್ತು. ಇದನ್ನು ಬದಲಿಸಿದ್ದು ಫೋರ್ಕ್. ನಡೆಯುತ್ತಿರುವ ಪ್ರೋಸೆಸ್ಸನ್ನು ಇಬ್ಬಾಗಿಸುವ ಈ ಕಲ್ಪನೆಯನ್ನು ಮೆಲ್ವಿನ್ ಕಾನ್ವೆ 1963ರ ಪ್ರಬಂಧವೊಂದರಲ್ಲಿ ಮಂಡಿಸಿದ್ದರು. ಥಾಂಪ್ಸನ್ ಓದಿದ ಬರ್ಕ್ಲಿಯಲ್ಲಿ ಎಸ್‌ಡಿಎಸ್-940 ಯಂತ್ರಕ್ಕೆ ಕಟ್ಟಿದ ವ್ಯವಸ್ಥೆಯಲ್ಲೂ ಅದು ಇತ್ತು. ಪಿಡಿಪಿ-7ರಲ್ಲಿ ಫೋರ್ಕ್ ಸೇರಿಸಲು ಬೇಕಾದದ್ದು ಅಸೆಂಬ್ಲಿ ಭಾಷೆಯ ಸರಿಯಾಗಿ 27 ಸಾಲು ಎಂದು ರಿಚಿ ದಾಖಲಿಸಿದ್ದಾರೆ. ಹಳೆಯ ಪ್ರೋಗ್ರಾಂ ಅಳಿಸಿ ಹೊಸದನ್ನು ತುಂಬುವ ಕೆಲಸ ಮುಂದೆ ಎಕ್ಸೆಕ್ ಎಂಬ ಬೇರೆಯೇ ಕರೆಯಾಯಿತು.

ಹೊಸ ವ್ಯವಸ್ಥೆ ಎರಡು ಪಾಠ ಕಲಿಸಿತು. ಡೈರೆಕ್ಟರಿ ಬದಲಿಸುವ ಆಜ್ಞೆ ಇದ್ದಕ್ಕಿದ್ದಂತೆ ಕೆಲಸ ಮಾಡದಾಯಿತು. ಮರಿ ಪ್ರೋಸೆಸ್ ತನ್ನ ಡೈರೆಕ್ಟರಿ ಬದಲಿಸಿಕೊಂಡು ಸಾಯುತ್ತಿತ್ತು, ತಾಯಿಯಾದ ಶೆಲ್ ಇದ್ದಲ್ಲೇ ಇರುತ್ತಿತ್ತು. ಹೀಗಾಗಿ ಆ ಆಜ್ಞೆ ಶೆಲ್‌ನ ಒಳಗೇ ಸೇರಬೇಕಾಯಿತು. ಇಂದಿಗೂ ಅಲ್ಲೇ ಇದೆ. ಎರಡನೆಯದು ಇನ್ನೂ ಸೂಕ್ಷ್ಮ. ಎರಡು ಆಜ್ಞೆಗಳಿರುವ ಕಡತವನ್ನು ಓಡಿಸಿ ಅದರ ಔಟ್‌ಪುಟ್ಟನ್ನು ಒಂದೇ ಫೈಲಿಗೆ ತಿರುಗಿಸಿದರೆ, ಎರಡನೆಯ ಆಜ್ಞೆ ಮೊದಲನೆಯದರ ಬರಹದ ಮೇಲೆಯೇ ಬರೆಯುತ್ತಿತ್ತು. ಫೈಲಿನಲ್ಲಿ ಎಲ್ಲಿಯವರೆಗೆ ಬರೆದಾಗಿದೆ ಎಂಬ ಗುರುತನ್ನು ಒಂದೊಂದು ಪ್ರೋಸೆಸ್ ತನ್ನಲ್ಲೇ ಇಟ್ಟುಕೊಂಡಿದ್ದದ್ದು ಇದಕ್ಕೆ ಕಾರಣ. ಆ ಗುರುತನ್ನು ಕರ್ನೆಲ್‌ನ ಪ್ರತ್ಯೇಕ ಪಟ್ಟಿಗೆ ಒಯ್ದು, ತಾಯಿ ಮತ್ತು ಮರಿ ಎರಡೂ ಅದನ್ನು ಹಂಚಿಕೊಳ್ಳುವಂತೆ ಮಾಡಿದ ಮೇಲೆ ತೊಂದರೆ ಬಗೆಹರಿಯಿತು.

ಒಂದು ರಾತ್ರಿಯ ಪೈಪ್

ದಿಕ್ಕು ತಿರುಗಿಸುವುದೂ ಪ್ರೋಸೆಸ್ ಇಬ್ಬಾಗಿಸುವುದೂ ಸಿದ್ಧವಾಗಿದ್ದವು. ಮೆಕಿಲ್‌ರಾಯ್ ಮಾತ್ರ ತಮ್ಮ ಪೈಪನ್ನು ಬಿಟ್ಟಿರಲಿಲ್ಲ, ಕೇಳುತ್ತಲೇ ಇದ್ದರು. 1972ರಲ್ಲಿ ಥಾಂಪ್ಸನ್ ಒಪ್ಪಿದರು. ಒಂದೇ ರಾತ್ರಿಯಲ್ಲಿ ಪೈಪ್ ಕರೆಯನ್ನು ಬರೆದು, ಶೆಲ್‌ಗೆ ಸೇರಿಸಿ, ಹಲವು ಪ್ರೋಗ್ರಾಂಗಳನ್ನು ತಿದ್ದಿದರು. ಫೈಲಿನ ಹೆಸರು ಕೊಡದಿದ್ದರೆ ಸುಮ್ಮನೆ ಎದುರಿಗೆ ಬಂದದ್ದನ್ನು ಓದುವಂತೆ ಅವು ಬದಲಾದವು. ಈ ಕೊನೆಯ ಕೆಲಸ ಚಿಕ್ಕದೆನಿಸಿದರೂ ಅದಿಲ್ಲದಿದ್ದರೆ ಪೈಪಿಗೆ ಜೋಡಿಸಲು ಪ್ರೋಗ್ರಾಂಗಳೇ ಇರುತ್ತಿರಲಿಲ್ಲ.

ಮೊದಲು ಪೈಪಿಗೂ > ಗುರುತನ್ನೇ ಬಳಸುತ್ತಿದ್ದರು. ಸಾಲಿನ ಕೊನೆಯಲ್ಲೂ ಒಂದು > ಇರಬೇಕಿತ್ತು. ಬಲಗಡೆ ಇರುವುದು ಫೈಲೋ ಪ್ರೋಗ್ರಾಮೋ ಎಂಬ ಗೊಂದಲ ತಪ್ಪುತ್ತಿರಲಿಲ್ಲ. ಒಂದೆರಡು ತಿಂಗಳಲ್ಲಿ ಆ ಬರವಣಿಗೆ ಹೋಗಿ ಇಂದಿನ | ಬಂತು. 1973ರಲ್ಲಿ ಕರ್ನೆಲ್ಲನ್ನೇ ಸಿ ಭಾಷೆಯಲ್ಲಿ ಮರಳಿ ಬರೆದ ಮೇಲೆ ಫೋರ್ಕ್, ಎಕ್ಸೆಕ್, ಪೈಪ್ ಮೂರೂ ಸಿ ಬರೆಯುವವರ ಕೈಗೆ ಸಿಕ್ಕವು.

ಇನ್ನೊಂದು ಕೊರತೆ ಉಳಿದಿತ್ತು. ಬೆಲ್ ಲ್ಯಾಬ್ಸ್‌ನ ಸ್ಟೀವ್ ಜಾನ್ಸನ್ ಅದನ್ನು ನೆನಪಿಸಿಕೊಂಡಿದ್ದಾರೆ. ಫೋಟೋ ಅಚ್ಚುಮೊಳೆ ಯಂತ್ರಕ್ಕೆ ಪುಟ ಕಳಿಸಿ, ಉದ್ದದ ಕಾಗದವನ್ನು ರಾಸಾಯನಿಕದಲ್ಲಿ ಅದ್ದಿ ಕಾಯ್ದು ನೋಡಿದರೆ, ಫೈಲ್ ತೆರೆಯಲಾಗಲಿಲ್ಲ ಎಂಬ ಒಂದೇ ಸಾಲು ಅಂದವಾಗಿ ಅಚ್ಚಾಗಿರುತ್ತಿತ್ತು. ದೂರಿನ ಸಾಲೂ ಫಲಿತಾಂಶದ ದಾರಿಯಲ್ಲೇ ಹೋಗಿತ್ತು. ಗೊಣಗಾಟ ಜೋರಾಯಿತು, ಕೆಲವೇ ದಿನಗಳಲ್ಲಿ ದೂರಿಗೆಂದೇ ಬೇರೆ ಹೊರದಾರಿ ಬಂತು. 0 ಒಳಕ್ಕೆ, 1 ಹೊರಕ್ಕೆ, 2 ದೂರಿಗೆ ಎಂಬ ಕಟ್ಟಳೆ ಹೀಗೆ ಪೂರ್ಣವಾಯಿತು.

ಒಳಗೆ ನಡೆಯುವುದೇನು

ಈಗ ಸಿ ಭಾಷೆಯಲ್ಲಿ ಒಂದು ಸರಪಣಿಯನ್ನು ಕಟ್ಟುವ ಕ್ರಮ ನೋಡೋಣ. ಮೊದಲು ಪೈಪ್ ಕರೆ. ಅದು ಎರಡು ಸಂಖ್ಯೆ ಕೊಡುತ್ತದೆ: ಒಂದು ಓದುವ ತುದಿ, ಇನ್ನೊಂದು ಬರೆಯುವ ತುದಿ. ಆಮೇಲೆ ಫೋರ್ಕ್. ತಾಯಿಗೆ ಮರಿಯ ಸಂಖ್ಯೆ, ಮರಿಗೆ ಸೊನ್ನೆ ಉತ್ತರವಾಗಿ ಸಿಗುತ್ತದೆ. ಯಾರು ಯಾರೆಂದು ಅದರಿಂದಲೇ ತಿಳಿಯುತ್ತದೆ. ಮರಿ ಪ್ರೋಸೆಸ್ ಡ್ಯೂಪ್2 ಕರೆಯಿಂದ ಬರೆಯುವ ತುದಿಯನ್ನು 1ರ ಜಾಗಕ್ಕೆ ತಂದು, ಉಳಿದ ತುದಿಗಳನ್ನು ಮುಚ್ಚಿ, ಎಕ್ಸೆಕ್ ಕರೆಯುತ್ತದೆ. ಎಕ್ಸೆಕ್ ಪ್ರೋಗ್ರಾಮನ್ನು ಬದಲಿಸುತ್ತದೆ, ತೆರೆದ ಫೈಲುಗಳನ್ನು ಮುಟ್ಟುವುದಿಲ್ಲ. ಹೊಸ ಪ್ರೋಗ್ರಾಂ ಕಣ್ಣು ಬಿಟ್ಟಾಗ 1 ಎಂಬುದು ಆಗಲೇ ಪೈಪಿನ ಕಡೆ ತಿರುಗಿರುತ್ತದೆ. ಎರಡನೆಯ ಮರಿ ಓದುವ ತುದಿಯನ್ನು 0ಗೆ ತಂದುಕೊಳ್ಳುತ್ತದೆ. ಮೂರು ಪ್ರೋಗ್ರಾಂಗಳಿಗೆ ಎರಡು ಪೈಪು, ಹತ್ತಕ್ಕೆ ಒಂಬತ್ತು.

ಇಡೀ ವಿದ್ಯೆಯ ಗುಟ್ಟು ಫೋರ್ಕ್ ಮತ್ತು ಎಕ್ಸೆಕ್ ನಡುವಿನ ಆ ಚಿಕ್ಕ ಎಡೆಯಲ್ಲಿದೆ. ಮರಿ ಹುಟ್ಟಿದೆ, ಆದರೆ ಇನ್ನೂ ನಾವು ಬರೆದ ಕೋಡನ್ನೇ ಓಡಿಸುತ್ತಿದೆ. ದಿಕ್ಕು ತಿರುಗಿಸಲು, ಡೈರೆಕ್ಟರಿ ಬದಲಿಸಲು, ಅಧಿಕಾರ ಕಡಿಮೆಮಾಡಲು ಅದಕ್ಕೆ ವಿಶೇಷ ಸೌಲಭ್ಯ ಯಾವುದೂ ಬೇಡ, ದಿನನಿತ್ಯದ ಕರೆಗಳೇ ಸಾಕು.

ಹೊಸಬರು ಎಡವುವುದೂ ಈ ಎಡೆಯಲ್ಲೇ. ಬರೆಯುವ ತುದಿಯ ಪ್ರತಿಗಳೆಲ್ಲ ಮುಚ್ಚಿದ ಮೇಲಷ್ಟೇ ಓದುವವನಿಗೆ ಕೊನೆ ಬಂತೆಂದು ತಿಳಿಯುತ್ತದೆ. ತಾಯಿ ತನ್ನ ಪ್ರತಿಯನ್ನು ಮುಚ್ಚಲು ಮರೆತರೆ, ಎಲ್ಲ ದತ್ತಾಂಶ ಬಂದು ಮುಗಿದ ಮೇಲೂ ಓದುವ ಪ್ರೋಗ್ರಾಂ ಕಾಯುತ್ತಲೇ ಕೂರುತ್ತದೆ. ಎರಡನೆಯ ತಪ್ಪು, ಮೊದಲ ಮರಿ ಮುಗಿಯಲೆಂದು ಕಾದು ಆಮೇಲೆ ಎರಡನೆಯದನ್ನು ಹುಟ್ಟಿಸುವುದು. ಪೈಪಿನ ಹೊಟ್ಟೆಗೆ ಮಿತಿಯಿದೆ: ಆರನೆಯ ಆವೃತ್ತಿಯ ಯೂನಿಕ್ಸ್‌ನಲ್ಲಿ 4,096 ಬೈಟ್, ಇಂದಿನ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 65,536. ತುಂಬಿದ ಪೈಪಿಗೆ ಬರೆಯಹೊರಟ ಪ್ರೋಗ್ರಾಂ ನಿಂತುಬಿಡುತ್ತದೆ. ಓದುವವನು ಇನ್ನೂ ಹುಟ್ಟಿಲ್ಲ, ಬರೆಯುವವನು ಮುಗಿಸುವಂತಿಲ್ಲ. ಸಣ್ಣ ಫೈಲಿನಲ್ಲಿ ಸರಿಯಾಗಿ ಓಡಿದ ಕೋಡು ದೊಡ್ಡ ಫೈಲಿನಲ್ಲಿ ಸ್ತಬ್ಧವಾಗುವುದು ಇದರಿಂದಲೇ. ಎಲ್ಲ ಮರಿಗಳನ್ನೂ ಹುಟ್ಟಿಸಿ, ತಾಯಿಯ ತುದಿಗಳನ್ನೆಲ್ಲ ಮುಚ್ಚಿ, ಆಮೇಲೆ ಕಾಯುವುದು ಸರಿಯಾದ ಕ್ರಮ.

ಏಳನೆಯ ಆವೃತ್ತಿಯ ನಂತರ

1979ರ ಏಳನೆಯ ಆವೃತ್ತಿ ಈ ವಿದ್ಯೆಗೆ ಇಂದಿನ ರೂಪ ಕೊಟ್ಟಿತು. ಮೊದಲು 1ನ್ನು ಮುಚ್ಚಿ, ಖಾಲಿಯಿರುವ ಅತಿ ಚಿಕ್ಕ ಸಂಖ್ಯೆ ಸಿಗುತ್ತದೆಂಬ ನಂಬಿಕೆಯಲ್ಲಿ ಡ್ಯೂಪ್ ಕರೆಯಬೇಕಿತ್ತು. ಡ್ಯೂಪ್2 ಬಂದು ಎರಡೂ ಒಂದೇ ಕರೆಯಾದವು. ಸ್ಟೀವ್ ಬೋರ್ನ್ ಬರೆದ ಶೆಲ್, 2ನ್ನು 1ರ ಜೊತೆ ಸೇರಿಸುವ 2>&1 ಎಂಬ ಬರವಣಿಗೆ ತಂದಿತು. ಶೆಲ್ ಇವನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ನಡೆಸುತ್ತದೆ. ಆದ್ದರಿಂದ 2>&1ನ್ನು ಮೊದಲು ಬರೆದು ಫೈಲಿನ ಕಡೆ ಆಮೇಲೆ ತಿರುಗಿಸಿದರೆ ದೂರುಗಳು ಟರ್ಮಿನಲ್‌ನಲ್ಲೇ ಉಳಿಯುತ್ತವೆ. ಒಳಗೆ ಡ್ಯೂಪ್2 ನಡೆಯುತ್ತಿದೆ ಎಂದು ಬಲ್ಲವರಿಗೆ ಇದು ಒಗಟಾಗುವುದಿಲ್ಲ.

ಅದೇ ಆವೃತ್ತಿಯ ಪಿ-ಓಪನ್ ಎಂಬ ಲೈಬ್ರರಿ ಕರೆ ಪೈಪ್, ಫೋರ್ಕ್, ಎಕ್ಸೆಕ್‌ಗಳನ್ನು ಒಂದೇ ಸಾಲಿನಲ್ಲಿ ಅಡಗಿಸಿತು. ಆದರೆ ಅದು ಆಜ್ಞೆಯನ್ನು ಶೆಲ್‌ಗೆ ಒಪ್ಪಿಸುತ್ತದೆ. ಹೊರಗಿನವರು ಕೊಟ್ಟ ಪಠ್ಯವನ್ನು ಪರೀಕ್ಷಿಸದೆ ಅದರಲ್ಲಿ ಸೇರಿಸಿದರೆ, ಅವರು ಬರೆದ ಆಜ್ಞೆಯೂ ನಮ್ಮ ಯಂತ್ರದಲ್ಲಿ ಓಡಬಹುದು. ಎಕ್ಸೆಕ್‌ನಲ್ಲಿ ಆರ್ಗ್ಯುಮೆಂಟ್‌ಗಳು ಬೇರೆಬೇರೆಯಾಗಿ ಹೋಗುವುದರಿಂದ ಆ ಅಪಾಯವಿಲ್ಲ.

ಬೇರೆಡೆಯೂ ಪೈಪ್ ಹಬ್ಬಿತು. 1983ರ ಎಂಎಸ್-ಡಾಸ್ 2.0 ಅದೇ ಗುರುತುಗಳನ್ನು ತೆಗೆದುಕೊಂಡಿತು. ಆದರೆ ಅಲ್ಲಿ ಒಮ್ಮೆಗೆ ಒಂದೇ ಪ್ರೋಗ್ರಾಂ ಓಡಲು ಸಾಧ್ಯ. ಮೊದಲನೆಯದರ ಔಟ್‌ಪುಟ್ ತಾತ್ಕಾಲಿಕ ಫೈಲಿಗೆ ಹೋಗಿ, ಅದು ಮುಗಿದ ಮೇಲೆ ಎರಡನೆಯದು ಓದುತ್ತಿತ್ತು. 1988ರಲ್ಲಿ ಪೋಸಿಕ್ಸ್ ಮಾನದಂಡ ಈ ಕರೆಗಳಿಗೆ ಎಲ್ಲರೂ ಒಪ್ಪುವ ರೂಪ ಕೊಟ್ಟಿತು.

ಫೋರ್ಕ್ ಮೇಲಿನ ಆಕ್ಷೇಪ

ಫೋರ್ಕ್ ಇಡೀ ಪ್ರೋಸೆಸ್ಸಿನ ನಕಲು ಮಾಡುತ್ತದೆ. ಮರುಕ್ಷಣವೇ ಎಕ್ಸೆಕ್ ಆ ನಕಲನ್ನು ಎಸೆಯುತ್ತದೆ. ದೊಡ್ಡ ಮೆಮೊರಿಯ ಯಂತ್ರಗಳು ಬಂದಾಗ ಇದು ದುಬಾರಿಯಾಯಿತು. ಬರ್ಕ್ಲಿಯ ಯೂನಿಕ್ಸ್ 1979ರಲ್ಲಿ, ಮೆಮೊರಿಯನ್ನು ನಕಲಿಸದೆ ತಾಯಿಯಿಂದ ಎರವಲು ಪಡೆಯುವ ವಿ-ಫೋರ್ಕ್ ತಂದಿತು. ಮುಂದೆ ಬರೆಯುವ ಕ್ಷಣದವರೆಗೂ ನಕಲನ್ನು ಮುಂದೂಡುವ ತಂತ್ರ ಎಲ್ಲೆಡೆ ಬಂತು. ಮರಿಯಲ್ಲಿ ಏನೇನು ತೆರೆಯಬೇಕು, ಮುಚ್ಚಬೇಕು ಎಂಬ ಪಟ್ಟಿಯನ್ನು ಮೊದಲೇ ಕೊಟ್ಟು ಒಂದೇ ಕರೆಯಲ್ಲಿ ಕೆಲಸ ಮುಗಿಸುವ ಪೋಸಿಕ್ಸ್-ಸ್ಪಾನ್ 1999ರಲ್ಲಿ ಮಾನದಂಡ ಸೇರಿತು.

ಥ್ರೆಡ್‌ಗಳು ಬಂದ ಮೇಲೆ ಇನ್ನೊಂದು ಬಿರುಕು ಕಂಡಿತು. ಒಂದು ಥ್ರೆಡ್ ಪೈಪ್ ತೆರೆದು ಅದನ್ನು ಎಕ್ಸೆಕ್ ಹೊತ್ತಿಗೆ ಮುಚ್ಚಬೇಕೆಂದು ಗುರುತು ಹಾಕುವಷ್ಟರಲ್ಲಿ ಇನ್ನೊಂದು ಥ್ರೆಡ್ ಫೋರ್ಕ್ ಮಾಡಿದರೆ, ಆ ತುದಿ ಸಂಬಂಧವಿಲ್ಲದ ಪ್ರೋಗ್ರಾಂಗೆ ಸೋರಿಹೋಗುತ್ತದೆ. ತೆರೆಯುವಾಗಲೇ ಗುರುತು ಹಾಕುವ ಪೈಪ್2 ಕರೆಯನ್ನು ಲಿನಕ್ಸ್ 2008ರಲ್ಲಿ ಸೇರಿಸಿತು. 2024ರ ಪೋಸಿಕ್ಸ್ ಅದನ್ನು ಒಪ್ಪಿಕೊಂಡಿತು. 2019ರಲ್ಲಿ ನಾಲ್ವರು ಸಂಶೋಧಕರು, ಫೋರ್ಕ್ ತನ್ನ ಕಾಲ ಮೀರಿ ಉಳಿದಿದೆ, ಅದನ್ನು ಬಿಡಬೇಕು ಎಂದೇ ಪ್ರಬಂಧ ಮಂಡಿಸಿದರು. ಅವರ ವಾದದಲ್ಲಿ ಹುರುಳಿದೆ. ದೊಡ್ಡ, ಹಲವು ಥ್ರೆಡ್‌ಗಳ ಪ್ರೋಗ್ರಾಂನಲ್ಲಿ ಸ್ಪಾನ್ ಬಳಸುವುದೇ ಲೇಸು. ಆದರೆ ಪಟ್ಟಿ ಕೊಡುವ ವಿಧಾನದಲ್ಲಿ ಪಟ್ಟಿಯಲ್ಲಿರುವುದನ್ನಷ್ಟೇ ಮಾಡಬಹುದು. ಶೆಲ್‌ನಂಥ ಪ್ರೋಗ್ರಾಂಗೆ ಫೋರ್ಕ್ ಕೊಡುವ ಸ್ವಾತಂತ್ರ್ಯ ಅದರಲ್ಲಿ ಸಿಗುವುದಿಲ್ಲ.

ಪೈಪಿನಲ್ಲಿ ಹರಿಯುವ ಕನ್ನಡ

ಪೈಪಿಗೆ ಅಕ್ಷರ ಗೊತ್ತಿಲ್ಲ, ಸಾಲು ಗೊತ್ತಿಲ್ಲ. ಬೈಟು ಮಾತ್ರ ಗೊತ್ತು. 1972ರಲ್ಲಿ ಒಂದು ಬೈಟು ಎಂದರೆ ಒಂದು ಅಕ್ಷರ. 1992ರಲ್ಲಿ ಇದೇ ಥಾಂಪ್ಸನ್, ರಾಬ್ ಪೈಕ್ ಜೊತೆಗೂಡಿ ಯುಟಿಎಫ್-8 ರೂಪಿಸಿದರು. ಇಂಗ್ಲಿಷಿನ ಬೈಟುಗಳು ಇದ್ದಂತೆಯೇ ಉಳಿದದ್ದರಿಂದ ಹಳೆಯ ಪೈಪುಗಳಲ್ಲಿ ಹೊಸ ಲಿಪಿಗಳೂ ಹರಿಯಬಲ್ಲವಾದವು. ಅದರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟು. 'ಕನ್ನಡ' ಎಂಬ ಪದ ಐದು ಸಂಕೇತ, ಹದಿನೈದು ಬೈಟು. ಬರೀ ಕನ್ನಡ ಸಂಕೇತಗಳು ಹರಿಯುತ್ತಿರುವಾಗ ಮೊದಲಿನಿಂದ 4,096 ಬೈಟಿನ ತುಂಡನ್ನು ಓದಿದರೆ 1,365 ಸಂಕೇತಗಳು ಪೂರ್ತಿ ಸಿಗುತ್ತವೆ, ಮುಂದಿನದರ ಒಂದೇ ಬೈಟು ಕೈಗೆ ಬರುತ್ತದೆ. ಅದನ್ನು ಕಾದಿಟ್ಟು ಮುಂದಿನ ತುಂಡಿಗೆ ಸೇರಿಸಬೇಕು. ಇಲ್ಲವಾದರೆ ಅಕ್ಷರ ಒಡೆಯುತ್ತದೆ. ಕನ್ನಡ ಪಠ್ಯದ ಮೇಲೆ ಸಿ ಭಾಷೆಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರೂ ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಇಂದು ಬಹುತೇಕ ಭಾಷೆಗಳಲ್ಲಿ ಇನ್ನೊಂದು ಪ್ರೋಗ್ರಾಮನ್ನು ಓಡಿಸಲು ಸಿದ್ಧ ಲೈಬ್ರರಿಗಳಿವೆ. ದಿನದ ಕೆಲಸಕ್ಕೆ ಅವೇ ಸಾಕು. ಆದರೂ ಕಂಪ್ಯೂಟರ್ ವಿಜ್ಞಾನ ಓದುವ ಪ್ರತಿ ವಿದ್ಯಾರ್ಥಿಗೂ ನನ್ನದೊಂದು ವಿನಂತಿ. ಒಮ್ಮೆಯಾದರೂ ಮೂರು ಪ್ರೋಗ್ರಾಂಗಳ ಸರಪಣಿಯನ್ನು ಫೋರ್ಕ್, ಪೈಪ್, ಡ್ಯೂಪ್2, ಎಕ್ಸೆಕ್ ಬಳಸಿ ಸ್ವತಃ ಬರೆಯಿರಿ. 65,536 ಬೈಟಿಗಿಂತ ದೊಡ್ಡ ಫೈಲನ್ನು ಅದರ ಮೂಲಕ ಹರಿಸಿ. ಅದು ನಡುವೆ ನಿಂತರೆ ಯಾವ ಪ್ರೋಸೆಸ್ಸಿನಲ್ಲಿ ಯಾವ ತುದಿ ತೆರೆದೇ ಉಳಿದಿದೆ ಎಂದು ಕಾಗದದ ಮೇಲೆ ಚಿತ್ರ ಬರೆದು ಹುಡುಕಿ. ಎಲ್ಲ ತುದಿಗಳೂ ಮುಚ್ಚಿ ಸರಪಣಿ ತಾನಾಗಿ ಮುಗಿದ ದಿನ, ಆ ನೆಟ್ಟಗಿನ ಗೆರೆಯ ಹಿಂದಿನ ಕೆಲಸ ನಿಮ್ಮದಾಗುತ್ತದೆ.