ಚೀನಾಕ್ಕೆ ಹೊರಟ ಮೇಷ್ಟ್ರು ಮತ್ತು ಬೆಂಗಳೂರಿನ ಪಾಠ

ಜಯನಗರದ ನಾಲ್ಕನೇ ಬ್ಲಾಕಿನ ಬಸ್ ನಿಲ್ದಾಣದಿಂದ ಯಾವ ದಿಕ್ಕಿಗೆ ನಡೆದರೂ ಯಾವುದಾದರೊಂದು ಮಹಡಿಯ ಮೇಲೆ ಇಂಗ್ಲಿಷ್ ಕಲಿಸುವ ಅಥವಾ ವಿದೇಶಕ್ಕೆ ಕಳುಹಿಸುವ ಸಂಸ್ಥೆಯ ಫಲಕ ಕಣ್ಣಿಗೆ ಬೀಳುತ್ತದೆ. ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಲ್ಲೂ ಇದೇ ನೋಟ. ಆ ಮೆಟ್ಟಿಲು ಹತ್ತುವವರೆಲ್ಲ ಅಮೆರಿಕ, ಕೆನಡಾಗಳ ಕನಸು ಕಾಣುವ ವಿದ್ಯಾರ್ಥಿಗಳೇ ಅಲ್ಲ. ಬಿ.ಎ., ಬಿ.ಎಡ್. ಮುಗಿಸಿ ಖಾಸಗಿ ಶಾಲೆಗಳಲ್ಲಿ ಅಲ್ಪ ಸಂಬಳಕ್ಕೆ ಪಾಠ ಹೇಳುತ್ತಿರುವ ಅಧ್ಯಾಪಕರೂ ಅವರಲ್ಲಿದ್ದಾರೆ. ಚೀನಾದಲ್ಲಿ ಇಂಗ್ಲಿಷ್ ಮೇಷ್ಟ್ರಿಗೆ ಒಳ್ಳೆಯ ಸಂಬಳ, ಜೊತೆಗೆ ಇರಲು ಮನೆ ಎಂಬ ಮಾತು ಅವರ ಕಿವಿಗೂ ಬಿದ್ದಿರುತ್ತದೆ. ನಮ್ಮ ಊರಿನಲ್ಲಿ ಮೂರು ತಲೆಮಾರಿನಿಂದ ಇಂಗ್ಲಿಷ್ ಕಲಿಸುತ್ತಿದ್ದೇವೆ, ಅಲ್ಲೇಕೆ ಕಲಿಸಬಾರದು ಎಂಬುದು ಅವರ ಪ್ರಶ್ನೆ.

ಪ್ರಶ್ನೆ ಸಹಜವಾದದ್ದು. ಆದರೆ ಅದಕ್ಕೆ ಚೀನಾದ ಕಾನೂನು ಕೊಡುವ ಉತ್ತರ ಒಂದು, ಇಂಗ್ಲಿಷ್ ಬೋಧನೆಯ ಇತಿಹಾಸ ಕೊಡುವ ಉತ್ತರ ಇನ್ನೊಂದು. ಹೊರಡುವ ಸಿದ್ಧತೆ ಮಾಡುವವರು ಎರಡನ್ನೂ ತಿಳಿದಿರುವುದು ಒಳ್ಳೆಯದು.

ನಿಯಮ ಹೇಳುವುದೇನು?

2017ರ ಏಪ್ರಿಲ್ 1ರಿಂದ ಚೀನಾ ತನ್ನ ನೆಲದಲ್ಲಿ ಕೆಲಸ ಮಾಡುವ ವಿದೇಶೀಯರನ್ನೆಲ್ಲ ಎ, ಬಿ, ಸಿ ಎಂಬ ಮೂರು ವರ್ಗಗಳಾಗಿ ವಿಂಗಡಿಸಿ, ಒಂದೇ ಬಗೆಯ ಕೆಲಸದ ಪರವಾನಗಿ ಕೊಡುವ ಪದ್ಧತಿಯನ್ನು ದೇಶದಾದ್ಯಂತ ಜಾರಿಗೆ ತಂದಿತು. ಭಾಷೆ ಕಲಿಸುವವರು ಸಾಮಾನ್ಯವಾಗಿ ಬಿ ವರ್ಗಕ್ಕೆ ಸೇರುತ್ತಾರೆ. ಅಂಥವರಿಗೆ ಪದವಿ ಇರಬೇಕು, ಭಾಷಾಬೋಧನೆಯಲ್ಲಿ ಕನಿಷ್ಠ ಎರಡು ವರ್ಷದ ಅನುಭವ ಇರಬೇಕು. ಶಿಕ್ಷಣ ಅಥವಾ ಭಾಷಾ ವಿಷಯದಲ್ಲಿ ಪದವಿ ಪಡೆದವರಿಗೆ, ಸ್ವದೇಶದ ಅಧ್ಯಾಪಕ ಅರ್ಹತಾ ಪತ್ರ ಉಳ್ಳವರಿಗೆ, ಅಂತರರಾಷ್ಟ್ರೀಯ ಮನ್ನಣೆಯ ಭಾಷಾಬೋಧನ ಪ್ರಮಾಣಪತ್ರ ಉಳ್ಳವರಿಗೆ ಅನುಭವದ ಷರತ್ತಿನಿಂದ ವಿನಾಯಿತಿಯಿದೆ. ಇಲ್ಲಿಯವರೆಗೆ ನಮ್ಮ ಬಿ.ಎಡ್. ಅಧ್ಯಾಪಕರಿಗೆ ಯಾವ ತೊಡಕೂ ಕಾಣದು.

ತೊಡಕು ಇರುವುದು ಇನ್ನೊಂದು ಸಾಲಿನಲ್ಲಿ. ವಿದೇಶಿ ಭಾಷಾ ಅಧ್ಯಾಪಕರು ತಾತ್ವಿಕವಾಗಿ ತಮ್ಮ ಮಾತೃಭಾಷೆಯನ್ನೇ ಕಲಿಸತಕ್ಕದ್ದು ಎಂದು ನಿಯಮ ಹೇಳುತ್ತದೆ. ಇಂಗ್ಲಿಷಿನ ಮಟ್ಟಿಗೆ ಇದನ್ನು ಅನ್ವಯಿಸುವಾಗ ಅಧಿಕಾರಿಗಳು ಸಾಮಾನ್ಯವಾಗಿ ಗಣನೆಗೆ ತೆಗೆದುಕೊಳ್ಳುವುದು ಬ್ರಿಟನ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್ ಮತ್ತು ದಕ್ಷಿಣ ಆಫ್ರಿಕಾದ ಪಾಸ್‌ಪೋರ್ಟುಗಳನ್ನು. ಭಾರತ ಆ ಸಾಲಿನಲ್ಲಿಲ್ಲ.

ನಮ್ಮ ಜನಗಣತಿಯೂ ಇಲ್ಲಿ ನಮ್ಮ ನೆರವಿಗೆ ಬಾರದು. 2011ರ ಗಣತಿಯಲ್ಲಿ ಇಂಗ್ಲಿಷನ್ನು ಮಾತೃಭಾಷೆ ಎಂದು ಬರೆಸಿದ ಭಾರತೀಯರು ಸುಮಾರು 2.6 ಲಕ್ಷ ಮಾತ್ರ. ಅದನ್ನು ಎರಡನೆಯ ಅಥವಾ ಮೂರನೆಯ ಭಾಷೆಯಾಗಿ ಬಲ್ಲೆವೆಂದವರು ಸುಮಾರು 12.9 ಕೋಟಿ. ಜಯನಗರದ ಅಧ್ಯಾಪಕಿ ಗಣತಿಯವರು ಮನೆಬಾಗಿಲಿಗೆ ಬಂದಾಗ ಪ್ರಾಮಾಣಿಕವಾಗಿ ‘ಕನ್ನಡ’ ಎಂದೇ ಬರೆಸಿರುತ್ತಾಳೆ. ಆ ಪ್ರಾಮಾಣಿಕ ಉತ್ತರವೇ ಚೀನಾದ ಬಾಗಿಲಲ್ಲಿ ಆಕೆಗೆ ಅಡ್ಡವಾಗುತ್ತದೆ.

ಕಾಶ್ಮೀರ ಮೂಲದ ಭಾಷಾವಿಜ್ಞಾನಿ ಬ್ರಜ್ ಕಚ್ರು 1985ರಲ್ಲಿ ಜಗತ್ತಿನ ಇಂಗ್ಲಿಷನ್ನು ಮೂರು ವೃತ್ತಗಳಾಗಿ ವಿವರಿಸಿದರು. ಒಳವೃತ್ತದಲ್ಲಿ ಬ್ರಿಟನ್, ಅಮೆರಿಕ ಮೊದಲಾದವು. ಹೊರವೃತ್ತದಲ್ಲಿ ಭಾರತದಂತೆ ಆಳ್ವಿಕೆಯ ಮೂಲಕ ಇಂಗ್ಲಿಷ್ ಪಡೆದು ಅದನ್ನು ಒಳಗು ಮಾಡಿಕೊಂಡ ದೇಶಗಳು. ಹಬ್ಬುತ್ತಿರುವ ಮೂರನೆಯ ವೃತ್ತದಲ್ಲಿ ಚೀನಾದಂತೆ ಅದನ್ನು ವಿದೇಶಿ ಭಾಷೆಯಾಗಿ ಕಲಿಯುವ ದೇಶಗಳು. ಈ ಲೆಕ್ಕದಲ್ಲಿ ಮೂರನೆಯ ವೃತ್ತದವರು ಎರಡನೆಯ ವೃತ್ತವನ್ನು ದಾಟಿ, ನೇರವಾಗಿ ಮೊದಲನೆಯದರಿಂದಲೇ ಮೇಷ್ಟ್ರನ್ನು ಕರೆಸಿಕೊಳ್ಳುತ್ತಿದ್ದಾರೆ.

ಎರಡು ದೇಶ, ಎರಡು ದಾರಿ

ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇಂಗ್ಲಿಷ್ ಶಾಲೆ ತೆರೆದದ್ದು 1833ರಲ್ಲಿ. ಪೀಕಿಂಗ್‌ನಲ್ಲಿ ಚೀನಾದ ಸರ್ಕಾರ ದುಭಾಷಿಗಳನ್ನು ತಯಾರು ಮಾಡಲು ತೊಂಗ್‌ವೆನ್ ಗುವಾನ್ ಎಂಬ ಶಾಲೆ ಆರಂಭಿಸಿದ್ದು 1862ರಲ್ಲಿ, ಎರಡನೆಯ ಅಫೀಮು ಯುದ್ಧದ ಸೋಲಿನ ಬಳಿಕ. ನಮ್ಮಲ್ಲಿ ಇಂಗ್ಲಿಷ್ ಆಡಳಿತದ, ಉದ್ಯೋಗದ, ಕೊನೆಗೆ ಮನೆಮಾತಿನ ಪಕ್ಕದ ಭಾಷೆಯಾಯಿತು. ಅಲ್ಲಿ ಅದು ಹೊರಗಿನವರೊಡನೆ ವ್ಯವಹರಿಸುವ ಸಲಕರಣೆಯಾಗಿಯೇ ಉಳಿಯಿತು.

ಇದರ ಪರಿಣಾಮ ಮೇಷ್ಟ್ರ ಆಯ್ಕೆಯಲ್ಲೂ ಕಾಣುತ್ತದೆ. ನಮ್ಮಲ್ಲಿ ಬಹು ಬೇಗ ಇಂಗ್ಲಿಷ್ ಪಾಠ ನಮ್ಮವರ ಕೈಗೇ ಬಂತು. ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಅಧ್ಯಾಪಕರಾಗಿದ್ದುಕೊಂಡೇ 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಪ್ರಕಟಿಸಿ ಕನ್ನಡ ಕಾವ್ಯಕ್ಕೆ ಹೊಸ ದಾರಿ ತೋರಿದರು. ದೇಶದ ಇಂಗ್ಲಿಷ್ ಅಧ್ಯಾಪಕರನ್ನು ತರಬೇತುಗೊಳಿಸಲು 1958ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಕೇಂದ್ರೀಯ ಸಂಸ್ಥೆಯ ನಿರ್ದೇಶಕರಾಗಿ ದುಡಿದವರಲ್ಲಿ ನಮ್ಮ ವಿ.ಕೃ. ಗೋಕಾಕರೂ ಒಬ್ಬರು. ಬಸವನಗುಡಿಯಲ್ಲಿ 1917ರಲ್ಲಿ ಆರಂಭವಾದ ನ್ಯಾಷನಲ್ ಹೈಸ್ಕೂಲಿನಿಂದ ಹಿಡಿದು ದಕ್ಷಿಣ ಬೆಂಗಳೂರಿನ ಶಾಲೆಗಳಲ್ಲಿ ತಲೆಮಾರುಗಟ್ಟಲೆ ಮಕ್ಕಳು ಇಂಗ್ಲಿಷ್ ಕಲಿತದ್ದು ಹೆಚ್ಚಾಗಿ ಕನ್ನಡ, ತಮಿಳು, ತೆಲುಗು ಮನೆಮಾತಿನ ಮೇಷ್ಟ್ರುಗಳಿಂದಲೇ.

ಚೀನಾದ ಕಥೆ ಏಳುಬೀಳುಗಳದ್ದು. ಕೇಂಬ್ರಿಜ್‌ನ ವಿಮರ್ಶಕ ಐ.ಎ. ರಿಚರ್ಡ್ಸ್ 1929ರಲ್ಲಿ ಪೀಕಿಂಗ್‌ಗೆ ಪಾಠ ಹೇಳಲು ಹೋದವರು, ಆಮೇಲೆ 850 ಪದಗಳ ‘ಬೇಸಿಕ್ ಇಂಗ್ಲಿಷ್’ ಅನ್ನು ಚೀನಾದ ಶಾಲೆಗಳಿಗೆ ತರಲು ಶ್ರಮಿಸಿದರು. 1937ರ ಜಪಾನಿ ಆಕ್ರಮಣ ಆ ಯತ್ನವನ್ನು ಕೆಡವಿತು. 1949ರ ಕ್ರಾಂತಿಯ ನಂತರ ರಷ್ಯನ್ ಭಾಷೆಗೆ ಆದ್ಯತೆ ಬಂತು, ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ವಿದೇಶಿ ಭಾಷೆಯೇ ಶಂಕಾಸ್ಪದವಾಯಿತು. 1977ರಲ್ಲಿ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ ಮರಳಿ ಆರಂಭವಾದ ಮೇಲೆ ಇಂಗ್ಲಿಷ್ ತಲೆ ಎತ್ತಿತು. 1982ರಲ್ಲಿ ಅಲ್ಲಿನ ದೂರದರ್ಶನ ಬಿ.ಬಿ.ಸಿ.ಯ ‘ಫಾಲೋ ಮಿ’ ಪಾಠಗಳನ್ನು ಪ್ರಸಾರ ಮಾಡಿದಾಗ ಕೋಟ್ಯಂತರ ಜನ ಟೀವಿಯ ಮುಂದೆ ಕುಳಿತರು. 2001ರಲ್ಲಿ ಒಲಿಂಪಿಕ್ಸ್ ಆತಿಥ್ಯ ದೊರೆಯಿತು, ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯತ್ವ ಸಿಕ್ಕಿತು. ಅದೇ ವರ್ಷ ಮೂರನೇ ತರಗತಿಯಿಂದಲೇ ಇಂಗ್ಲಿಷ್ ಕಲಿಸುವ ನಿರ್ಧಾರವೂ ಆಯಿತು.

ಆ 2001ರ ಪಠ್ಯಕ್ರಮದಲ್ಲಿ ಒಂದು ಸಂಗತಿ ನಮ್ಮ ಗಮನಕ್ಕೆ ಬರಬೇಕಾದದ್ದು. ವ್ಯಾಕರಣದ ಸೂತ್ರಗಳನ್ನು ಉರು ಹೊಡೆಸುವ ಬದಲು ಮಕ್ಕಳಿಗೆ ಮಾಡಲು ಕೆಲಸ ಕೊಟ್ಟು, ಆ ಕೆಲಸದ ಮೂಲಕ ಭಾಷೆ ಕಲಿಸುವ ವಿಧಾನವನ್ನು ಅದು ಎತ್ತಿಹಿಡಿಯಿತು. ಈ ವಿಧಾನದ ಬೇರು ಹುಡುಕುತ್ತ ಹೋದರೆ ಲಂಡನ್ನಿಗೋ ನ್ಯೂಯಾರ್ಕಿಗೋ ಹೋಗಬೇಕಾಗಿಲ್ಲ. ಬೆಂಗಳೂರಿಗೇ ಮರಳಬೇಕಾಗುತ್ತದೆ.

ಬೆಂಗಳೂರಿನ ಪ್ರಯೋಗ

ದಕ್ಷಿಣದ ರಾಜ್ಯಗಳ ಅಧ್ಯಾಪಕರಿಗೆ ತರಬೇತಿ ಕೊಡಲು 1963ರಲ್ಲಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಹುಟ್ಟಿತು. ಈಗ ಜ್ಞಾನಭಾರತಿ ಆವರಣದಲ್ಲಿರುವುದು ಅದೇ ಸಂಸ್ಥೆ. ಆಗ ನಮ್ಮ ಶಾಲೆಗಳಲ್ಲಿ ಇಂಗ್ಲಿಷ್ ಪಾಠವೆಂದರೆ ವಾಕ್ಯರಚನೆಗಳ ಮೆಟ್ಟಿಲು. ಮೊದಲು ಸರಳ ವಾಕ್ಯ, ಆಮೇಲೆ ಕಠಿಣ ವಾಕ್ಯ, ಪ್ರತಿಯೊಂದನ್ನೂ ಇಡೀ ತರಗತಿ ಒಟ್ಟಾಗಿ ಹೇಳಿ ಹೇಳಿ ಗಟ್ಟಿ ಮಾಡುವುದು. ವರ್ಷಗಟ್ಟಲೆ ಹೀಗೆ ಕಲಿತ ಹುಡುಗನಿಗೆ ತರಗತಿಯ ಹೊರಗೆ ಒಂದು ವಾಕ್ಯ ಆಡಲು ನಾಲಿಗೆ ತೊಡರುತ್ತಿತ್ತು.

ಮದರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್.ಎಸ್. ಪ್ರಭು ಎಂಬ ವಿದ್ವಾಂಸರು ಇದಕ್ಕೆ ಬೇರೆ ದಾರಿ ಹುಡುಕಿದರು. 1979ರಿಂದ 1984ರವರೆಗೆ ಬೆಂಗಳೂರಿನ ಸಂಸ್ಥೆಯ ಸಹಯೋಗದಲ್ಲಿ ದಕ್ಷಿಣ ಭಾರತದ ಬೆರಳೆಣಿಕೆಯ ಸಾಮಾನ್ಯ ಶಾಲೆಗಳಲ್ಲಿ ಅವರು ನಡೆಸಿದ ಪ್ರಯೋಗವನ್ನು ಜಗತ್ತಿನ ಭಾಷಾಬೋಧಕರು ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಕರೆಯುತ್ತಾರೆ.

ಅದರ ತಿರುಳು ಸರಳ. ಮನಸ್ಸು ಅರ್ಥದ ಕಡೆಗಿದ್ದಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ನಂಬಿಕೆ. ಆದ್ದರಿಂದ ತರಗತಿಯಲ್ಲಿ ‘ಇವತ್ತು ಭೂತಕಾಲ’ ಎಂಬ ಘೋಷಣೆ ಇಲ್ಲ. ಮೇಷ್ಟ್ರು ರೈಲಿನ ವೇಳಾಪಟ್ಟಿಯನ್ನೋ, ಊರಿನ ನಕ್ಷೆಯನ್ನೋ, ಶಾಲೆಯ ಪಿರಿಯಡ್ಡುಗಳ ಪಟ್ಟಿಯನ್ನೋ ಮಕ್ಕಳ ಮುಂದಿಡುತ್ತಾರೆ. ಈ ರೈಲು ತಪ್ಪಿದರೆ ಮುಂದಿನದು ಎಷ್ಟು ಗಂಟೆಗೆ, ಸಂಜೆಯೊಳಗೆ ಊರು ಸೇರಬೇಕಾದರೆ ಯಾವುದನ್ನು ಹಿಡಿಯಬೇಕು ಎಂದು ಇಂಗ್ಲಿಷಿನಲ್ಲೇ ಕೇಳುತ್ತಾರೆ. ಮೊದಲು ಇಡೀ ತರಗತಿಯೊಡನೆ ಅಂಥ ಒಂದು ಸಮಸ್ಯೆಯನ್ನು ಬಾಯಿಮಾತಿನಲ್ಲಿ ಬಿಡಿಸಿ, ಆಮೇಲೆ ಅದೇ ಬಗೆಯ ಇನ್ನೊಂದನ್ನು ಪ್ರತಿ ಮಗುವಿಗೂ ಒಂಟಿಯಾಗಿ ಬಿಡಿಸಲು ಕೊಡುತ್ತಾರೆ. ಲೆಕ್ಕ ಬಿಡಿಸುವ ಉತ್ಸಾಹದಲ್ಲಿ ಮಗು ಭಾಷೆಯನ್ನು ಬಳಸುತ್ತಿರುವುದನ್ನೇ ಮರೆಯುತ್ತದೆ. ಕಲಿಕೆ ಆಗುವುದು ಆಗಲೇ.

ಎಡಿನ್‌ಬರೊ ವಿಶ್ವವಿದ್ಯಾಲಯದ ಅಲನ್ ಡೇವಿಸ್ ಮತ್ತು ಅಲನ್ ಬೆರೆಟ್ಟಾ 1984ರಲ್ಲಿ ಈ ತರಗತಿಗಳನ್ನು ಹಳೆಯ ಪದ್ಧತಿಯ ತರಗತಿಗಳೊಡನೆ ಹೋಲಿಸಿ ಪರೀಕ್ಷೆ ನಡೆಸಿದರು. ರಚನೆಗಳ ಪರೀಕ್ಷೆಯಲ್ಲಿ ಹಳೆಯ ಪದ್ಧತಿಯವರು ಮುಂದಿದ್ದರು. ಕಲಿತ ಭಾಷೆಯನ್ನು ಬಳಕೆಗೆ ತರುವ ವಿಷಯದಲ್ಲಿ ಪ್ರಯೋಗದ ಮಕ್ಕಳದು ಮೇಲುಗೈ. ಪರೀಕ್ಷಕರು ಎಚ್ಚರಿಕೆಯಿಂದಲೇ ಪ್ರಯೋಗದ ಪರವಾಗಿ ಮಾತಾಡಿದರು. 1987ರಲ್ಲಿ ಪ್ರಭು ಅವರ ಪುಸ್ತಕ ಬಂತು. ಅಲ್ಲಿಂದ ಮುಂದೆ ಬ್ರಿಟನ್, ಅಮೆರಿಕಗಳ ವಿದ್ವಾಂಸರು ಈ ವಿಚಾರವನ್ನು ತಿದ್ದಿ, ಬೆಳೆಸಿ, ಬೇರೆ ಬೇರೆ ಹೆಸರಿನಲ್ಲಿ ಪ್ರಚುರಪಡಿಸಿದರು. ಹಾಗೆ ಸುತ್ತಿ ಸುತ್ತಿ ಅದು ಚೀನಾದ ಪಠ್ಯಕ್ರಮವನ್ನು ಮುಟ್ಟಿತು. ಪರೀಕ್ಷೆಯ ಒತ್ತಡವೂ ತುಂಬಿದ ತರಗತಿಗಳೂ ಇರುವ ಆ ದೇಶದಲ್ಲಿ ಅದು ಸರಾಗವಾಗಿ ಬೇರೂರಲಿಲ್ಲ ಎಂಬುದೂ ನಿಜ. ಮುಂದಿನ ಪರಿಷ್ಕರಣೆಯಲ್ಲಿ ಆ ಒತ್ತು ತಗ್ಗಿತು.

ಈಗ ವ್ಯಂಗ್ಯವನ್ನು ನೋಡಿ. ಚೀನಾಕ್ಕೆ ಹೋಗುವ ಮುನ್ನ ವಿದೇಶಿ ತರುಣ ತರುಣಿಯರು ಸಾಮಾನ್ಯವಾಗಿ 120 ಗಂಟೆಗಳ ಬೋಧನ ಪ್ರಮಾಣಪತ್ರ ಪಡೆಯುತ್ತಾರೆ. ಕೆಲಸದ ಮೂಲಕ ಭಾಷೆ ಕಲಿಸುವ ಪಾಠ ಅಲ್ಲಿ ತಪ್ಪದೆ ಬರುತ್ತದೆ, ಅದರ ಚರಿತ್ರೆ ಹೇಳುವ ಪುಸ್ತಕಗಳಲ್ಲಿ ಬೆಂಗಳೂರಿನ ಹೆಸರೂ ಬರುತ್ತದೆ. ಇಂಗ್ಲಿಷನ್ನು ಮನೆಮಾತಾಗಿ ಪಡೆಯದ ಮಕ್ಕಳಿಗೆ, ಇಂಗ್ಲಿಷ್ ಮನೆಮಾತಲ್ಲದ ಮೇಷ್ಟ್ರುಗಳು ಕಲಿಸಿ ಕಂಡುಕೊಂಡ ದಾರಿ ಅದು. ಆ ದಾರಿ ಚೀನಾ ತಲುಪಿತು. ದಾರಿ ಮಾಡಿದ ಊರಿನ ಮೇಷ್ಟ್ರು ಮಾತ್ರ ಬಾಗಿಲಲ್ಲಿ ನಿಲ್ಲಬೇಕಾಗಿದೆ.

ಯೋಗಕ್ಕೆ ಒಂದು ಅಳತೆ, ಇಂಗ್ಲಿಷಿಗೆ ಇನ್ನೊಂದು

ಇದನ್ನು ಭಾರತೀಯರ ಮೇಲಿನ ತಾತ್ಸಾರ ಎಂದು ಮಾತ್ರ ತಿಳಿಯುವುದು ಸರಿಯಾಗದು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ 2011ರಲ್ಲಿ, ತಮ್ಮ 92ನೆಯ ವಯಸ್ಸಿನಲ್ಲಿ, ಗುವಾಂಗ್‌ಝೌ ನಗರಕ್ಕೆ ಹೋದಾಗ ಚೀನೀಯರು ಅವರನ್ನು ಗುರುವೆಂದೇ ಬರಮಾಡಿಕೊಂಡರು. 2015ರಲ್ಲಿ ಕುನ್‌ಮಿಂಗ್‌ನ ವಿಶ್ವವಿದ್ಯಾಲಯವೊಂದರಲ್ಲಿ ಭಾರತದ ಸಹಕಾರದೊಡನೆ ಯೋಗ ಕಾಲೇಜು ಆರಂಭವಾಯಿತು. ಯೋಗಕ್ಕೆ ಭಾರತೀಯನೇ ಬೇಕು, ಇಂಗ್ಲಿಷಿಗೆ ಭಾರತೀಯ ಬೇಡ. ಎರಡರ ಹಿಂದಿರುವುದೂ ಒಂದೇ ನಂಬಿಕೆ: ಯಾವುದು ಎಲ್ಲಿ ಹುಟ್ಟಿತೋ ಅಲ್ಲಿಯವನೇ ಅದನ್ನು ಬಲ್ಲ ಎಂಬುದು. ಯೋಗದಲ್ಲಿ ಆ ನಂಬಿಕೆ ನಮಗೆ ಲಾಭ ತಂದಾಗ ನಾವು ಸುಮ್ಮನಿದ್ದೇವೆ.

ನಮ್ಮೂರಿನ ಪಾಲಕರೂ ಈ ನಂಬಿಕೆಯಿಂದ ಹೊರತಲ್ಲ. ಮಗನ ಮಾತಿನಲ್ಲಿ ವಿದೇಶಿ ಉಚ್ಚಾರ ಬಂದರೆ ಹಿಗ್ಗುವವರು, ಕನ್ನಡದ ಎಳೆ ಕೇಳಿಸುವ ಇಂಗ್ಲಿಷ್ ಮೇಷ್ಟ್ರನ್ನು ಕಂಡು ಮುಖ ಸಿಂಡರಿಸುವವರು ಜಯನಗರದಲ್ಲೂ ಇದ್ದಾರೆ. ಚೀನಾದ ನಿಯಮವನ್ನು ದೂರುವ ಮುನ್ನ ನಮ್ಮ ಮನೆಯ ಜಗುಲಿಯನ್ನೂ ಒಮ್ಮೆ ನೋಡಿಕೊಳ್ಳಬೇಕು.

ಹೊರಡುವ ಮುನ್ನ

ಹಾಗಾದರೆ ಹೋಗಲೇಬಾರದೇ? ದಾರಿ ಪೂರ್ತಿ ಮುಚ್ಚಿಲ್ಲ. ಗಣಿತ, ವಿಜ್ಞಾನಗಳನ್ನು ಇಂಗ್ಲಿಷಿನಲ್ಲಿ ಕಲಿಸುವ ಅಂತರರಾಷ್ಟ್ರೀಯ ಶಾಲೆಗಳಲ್ಲಿ ಭಾರತೀಯ ಅಧ್ಯಾಪಕರಿದ್ದಾರೆ, ಮಾತೃಭಾಷೆಯ ಷರತ್ತು ಭಾಷಾ ಬೋಧಕರಿಗೆ ಸೇರಿದ್ದು. ಪದವಿ ಪತ್ರದ ಅಧಿಕೃತ ದೃಢೀಕರಣ, ಕೋರಮಂಗಲದ ಪಾಸ್‌ಪೋರ್ಟ್ ಕಚೇರಿಯ ಮೂಲಕ ಸಿಗುವ ಪೊಲೀಸ್ ಪ್ರಮಾಣಪತ್ರ, ವೈದ್ಯಕೀಯ ತಪಾಸಣೆ ಇವೆಲ್ಲ ಮೊದಲೇ ಸಿದ್ಧವಿರಬೇಕು. ಕೆಲಸಕ್ಕೆ ಹೋಗುವವರಿಗೆ ಕೊಡುವುದು ಝಡ್ ವೀಸಾ. ಅಲ್ಲಿ ಇಳಿದು ಸ್ವಂತ ವಸತಿ ಸೇರಿದ 24 ಗಂಟೆಯೊಳಗೆ ಪೊಲೀಸರಲ್ಲಿ ನೋಂದಾಯಿಸಬೇಕು, 30 ದಿನದೊಳಗೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು.

‘ಮೊದಲು ವ್ಯಾಪಾರದ ವೀಸಾದಲ್ಲಿ ಹೋಗಿ, ಆಮೇಲೆ ಬದಲಾಯಿಸೋಣ’ ಎನ್ನುವ ಮಧ್ಯವರ್ತಿಯ ಮಾತಿಗೆ ಮರುಳಾಗಬಾರದು. 2013ರ ಜುಲೈಯಿಂದ ಜಾರಿಯಲ್ಲಿರುವ ಚೀನಾದ ಕಾನೂನಿನಂತೆ ಪರವಾನಗಿಯಿಲ್ಲದೆ ದುಡಿಯುವ ವಿದೇಶೀಯನಿಗೆ 5,000ದಿಂದ 20,000 ಯುವಾನ್ ದಂಡ, ಪ್ರಕರಣ ಗಂಭೀರವಾದರೆ 5ರಿಂದ 15 ದಿನಗಳ ಬಂಧನವೂ ಉಂಟು. ಮಧ್ಯವರ್ತಿ ಇಲ್ಲೇ ಇರುತ್ತಾನೆ, ಸಿಕ್ಕಿಬೀಳುವವರು ಮೇಷ್ಟ್ರು. ಮನೆಯಲ್ಲೇ ಕುಳಿತು ಕಂಪ್ಯೂಟರಿನ ಮೂಲಕ ಅಲ್ಲಿನ ಮಕ್ಕಳಿಗೆ ಪಾಠ ಹೇಳುವ ದಾರಿಯೂ ಈಗ ಮೊದಲಿನಂತಿಲ್ಲ. 2021ರ ಜುಲೈನಲ್ಲಿ ಚೀನಾ ಖಾಸಗಿ ಮನೆಪಾಠದ ಮೇಲೆ ಕಡಿವಾಣ ಹಾಕಿದಾಗ, ವಿದೇಶದಲ್ಲಿ ಕುಳಿತ ಬೋಧಕರನ್ನು ನೇಮಿಸಿಕೊಳ್ಳುವುದನ್ನೂ ನಿಷೇಧಿಸಿತು.

1990ರಲ್ಲಿ ಪ್ರಭು ಬರೆದ ಇನ್ನೊಂದು ಪ್ರಸಿದ್ಧ ಲೇಖನದ ವಾದ ಹೀಗಿದೆ: ಎಲ್ಲೆಡೆಗೂ ಸಲ್ಲುವ ಸರ್ವಶ್ರೇಷ್ಠ ಬೋಧನ ವಿಧಾನ ಎಂಬುದೇ ಇಲ್ಲ, ಕಲಿಕೆ ಹೇಗೆ ಆಗುತ್ತದೆಂಬ ಬಗ್ಗೆ ಮೇಷ್ಟ್ರಿಗೆ ತನ್ನದೇ ಆದ ಜೀವಂತ ತಿಳಿವಳಿಕೆ ಇದೆಯೇ ಎಂಬುದು ಮುಖ್ಯ. ಪರಭಾಷೆಯೊಂದನ್ನು ತಾನೇ ಎಡವುತ್ತ ಕಲಿತವನಿಗೆ, ಎಡವುವ ಮಗು ಎಲ್ಲಿ ಎಡವುತ್ತದೆ ಎಂಬುದು ಗೊತ್ತಿರುತ್ತದೆ. ಆ ತಿಳಿವಳಿಕೆಯನ್ನು ಯಾವ ದೇಶದ ಪಾಸ್‌ಪೋರ್ಟಿನಲ್ಲೂ ಮುದ್ರಿಸಿರುವುದಿಲ್ಲ. ಚೀನಾದ ಬಾಗಿಲು ತೆರೆಯಲಿ, ಬಿಡಲಿ, ಬನಶಂಕರಿಯ ಯಾವುದೋ ಶಾಲೆಯಲ್ಲಿ ನಾಳೆ ಬೆಳಿಗ್ಗೆ ಕರಿಹಲಗೆಯ ಮುಂದೆ ನಿಲ್ಲುವ ಮೇಷ್ಟ್ರು ಇದನ್ನು ನೆನಪಿಟ್ಟರೆ, ತಮ್ಮ ಇಂಗ್ಲಿಷಿನ ಬಗ್ಗೆ ತಲೆ ತಗ್ಗಿಸಬೇಕಾದ ಕಾರಣ ಕಾಣದು.