ದೀಪ ಆರದಿದ್ದರೆ ಗುಂಡಿಗೆ ಇಳಿಯಬಹುದೇ? ಅಪಾಯದ ಕೆಲಸ ಮಾಡುವವರಿಗೆ ಪ್ರಥಮ ಚಿಕಿತ್ಸೆ ತರಬೇತಿ ಏಕೆ ಬೇಕು

ಕರೆಂಟ್ ಹೊಡೆದವರನ್ನು ಮರಳಿನಲ್ಲಿ ಹೂಳಿ. ತುಂಡಾದ ಬೆರಳನ್ನು ತಕ್ಷಣ ಐಸಿನೊಳಗೆ ಹಾಕಿ. ಆಸಿಡ್ ಬಿದ್ದರೆ ಅಡುಗೆ ಸೋಡಾ ಹಚ್ಚಿ. ಗುಂಡಿಗೆ ಇಳಿಯುವ ಮುಂಚೆ ದೀಪ ಇಳಿಬಿಟ್ಟು ನೋಡಿ, ಆರದಿದ್ದರೆ ಧೈರ್ಯವಾಗಿ ಇಳಿಯಿರಿ.

ಕಾರ್ಖಾನೆ, ಗ್ಯಾರೇಜು, ಕಟ್ಟಡದ ಕೆಲಸಗಳಲ್ಲಿ ಈ ಸಲಹೆಗಳು ಬಾಯಿಂದ ಬಾಯಿಗೆ ಹೋಗುತ್ತಿದ್ದವು, ಈಗ ವಾಟ್ಸಾಪ್‌ನಲ್ಲೂ ಸುತ್ತುತ್ತಿವೆ. ಕಳಿಸುವವರ ಉದ್ದೇಶ ಒಳ್ಳೆಯದೇ. ಆದರೆ ನಾಲ್ಕೂ ತಪ್ಪು. ಕೊನೆಯದಂತೂ ಜೀವ ತೆಗೆಯುವ ತಪ್ಪು, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇವೆ.

ದೀಪ ಹೇಳುವುದೇನು, ಹೇಳದಿರುವುದೇನು?

ನಾವು ಉಸಿರಾಡುವ ಗಾಳಿಯಲ್ಲಿ ಸುಮಾರು ಶೇ 20.9ರಷ್ಟು ಆಮ್ಲಜನಕ ಇರುತ್ತದೆ. ಇದು ಶೇ 19.5ಕ್ಕಿಂತ ಕಡಿಮೆಯಾದರೆ ಆ ಜಾಗ ಅಪಾಯಕಾರಿ ಎಂದು ಸುರಕ್ಷತಾ ನಿಯಮಗಳು ಹೇಳುತ್ತವೆ. ಮೇಣದಬತ್ತಿ ಆರುವುದು ಶೇ 16-17ರ ಆಸುಪಾಸಿನಲ್ಲಿ. ಅಂದರೆ ದೀಪ ಚೆನ್ನಾಗಿ ಉರಿಯುತ್ತಿರುವಾಗಲೇ ಗಾಳಿ ಕೆಟ್ಟಿರಬಹುದು.

ಇನ್ನೂ ದೊಡ್ಡ ಸಮಸ್ಯೆ ವಿಷಾನಿಲದ್ದು. ಸೆಪ್ಟಿಕ್ ಟ್ಯಾಂಕ್, ಮ್ಯಾನ್‌ಹೋಲ್, ಕಾರ್ಖಾನೆಯ ತ್ಯಾಜ್ಯದ ತೊಟ್ಟಿಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಸೇರಿಕೊಳ್ಳುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುತ್ತದಲ್ಲ, ಅದೇ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ನೂರು ಭಾಗ ಇದು ಸೇರಿದರೆ ಮೂಗು ಮರಗಟ್ಟಿ ವಾಸನೆಯೇ ತಿಳಿಯದಂತಾಗುತ್ತದೆ. ಒಳಗಿರುವವನು ವಾಸನೆ ಹೋಯಿತು ಅಂದುಕೊಳ್ಳುತ್ತಾನೆ, ಹೋಗಿರುವುದು ಮೂಗಿನ ಶಕ್ತಿ. ಐನೂರು ಭಾಗ ದಾಟಿದರೆ ಪ್ರಜ್ಞೆ ತಪ್ಪಿ ಸಾವು ಬರಲು ಹೆಚ್ಚು ಹೊತ್ತು ಬೇಡ. ದೀಪಕ್ಕೆ ಇದಾವುದೂ ಗೊತ್ತಾಗುವುದಿಲ್ಲ. ಗುಂಡಿಯಲ್ಲಿ ಮೀಥೇನ್ ಶೇ 5ರಿಂದ 15ರಷ್ಟಿದ್ದರೆ ದೀಪವೇ ಸ್ಫೋಟಕ್ಕೆ ಕಿಡಿಯಾಗುತ್ತದೆ.

ಇಂಥ ಕಡೆ ನಡೆಯುವ ದುರಂತಗಳ ಸುದ್ದಿ ಓದಿದರೆ ಒಂದೇ ಕ್ರಮ ಕಾಣುತ್ತದೆ. ಮೊದಲು ಇಳಿದವನು ಕುಸಿದ. ತಲೆ ಸುತ್ತಿ ಬಿದ್ದನೆಂದು ಎತ್ತಲು ಇನ್ನೊಬ್ಬ ಇಳಿದ. ಆಮೇಲೆ ಮೂರನೆಯವನು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ 1986ರಲ್ಲಿ ಹೊರಡಿಸಿದ ಎಚ್ಚರಿಕೆಯ ಪ್ರಕಾರ, ಇಕ್ಕಟ್ಟಾದ ಮುಚ್ಚಿದ ಜಾಗಗಳಲ್ಲಿ ಸತ್ತವರ ಪೈಕಿ ಶೇ 60ಕ್ಕೂ ಹೆಚ್ಚು ಮಂದಿ ಕಾಪಾಡಲು ಹೋದವರು.

ಆದ್ದರಿಂದ ಇಲ್ಲಿ ತರಬೇತಿಯ ಮೊದಲ ಪಾಠ ಹೇಗೆ ಎತ್ತಬೇಕು ಎಂಬುದಲ್ಲ, ಹೇಗೆ ಇಳಿಯದೇ ಇರಬೇಕು ಎಂಬುದು. ಕೇಳಲು ಕಟುಕತನ ಅನ್ನಿಸಬಹುದು. ಅದರಲ್ಲೂ ಬಿದ್ದವನು ತಮ್ಮನೋ ಮಗನೋ ಆಗಿದ್ದರೆ ಮೇಲೆ ನಿಲ್ಲುವುದು ಸುಲಭವಲ್ಲ. ಅದಕ್ಕೇ ಮೊದಲೇ ಅಭ್ಯಾಸ ಬೇಕು: ಇಳಿಯುವ ಮುಂಚೆ ಗ್ಯಾಸ್ ಡಿಟೆಕ್ಟರ್‌ನಿಂದ ಅಳತೆ, ಸೊಂಟ-ಭುಜಕ್ಕೆ ಬೆಲ್ಟು, ಅದರ ಹಗ್ಗ ಮೇಲಿನ ಮುಕ್ಕಾಲಿಗೆ ಬಿಗಿದಿರುವುದು, ಕುಸಿದರೆ ಮೇಲಿನಿಂದಲೇ ಎಳೆಯುವುದು. ಮೂಗಿಗೆ ಒದ್ದೆ ಕರ್ಚೀಫ್ ಕಟ್ಟಿಕೊಳ್ಳುವುದರಿಂದ ಏನೂ ಪ್ರಯೋಜನವಿಲ್ಲ. ಬಟ್ಟೆ ಅನಿಲವನ್ನು ತಡೆಯುವುದಿಲ್ಲ, ಇಲ್ಲದ ಆಮ್ಲಜನಕವನ್ನು ತಂದುಕೊಡುವುದೂ ಇಲ್ಲ. ಅಂದಹಾಗೆ, ರಕ್ಷಣಾ ಸಾಧನವಿಲ್ಲದೆ ಒಳಚರಂಡಿ, ಸೆಪ್ಟಿಕ್ ಟ್ಯಾಂಕ್ ಸ್ವಚ್ಛಗೊಳಿಸಲು ಜನರನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ.

ಕರೆಂಟ್ ಹೊಡೆದವರಿಗೆ ಮರಳು?

ದೇಹದೊಳಗೆ ಸೇರಿಕೊಂಡ ಕರೆಂಟನ್ನು ಮಣ್ಣು ಹೀರಿಕೊಳ್ಳುತ್ತದೆ ಎಂಬುದು ಇದರ ಹಿಂದಿನ ನಂಬಿಕೆ. ತಂತಿಯ ಸಂಪರ್ಕ ತಪ್ಪಿದ ಮೇಲೆ ದೇಹದಲ್ಲಿ ಕರೆಂಟು ಉಳಿದಿರುವುದಿಲ್ಲ. ನಿಜವಾದ ಅಪಾಯ ಹೃದಯದ ಬಡಿತ ಲಯ ತಪ್ಪುವುದು ಅಥವಾ ನಿಂತೇ ಹೋಗುವುದು. ಮಿದುಳಿಗೆ ರಕ್ತ ಹೋಗದಿದ್ದರೆ ನಾಲ್ಕರಿಂದ ಆರು ನಿಮಿಷದಲ್ಲಿ ಸರಿಪಡಿಸಲಾಗದ ಹಾನಿ ಶುರುವಾಗುತ್ತದೆ. ಗುಂಡಿ ತೋಡಿ ಮರಳು ಮುಚ್ಚುವಷ್ಟರಲ್ಲಿ ಆ ಸಮಯ ಮುಗಿದಿರುತ್ತದೆ, ಎದೆಯ ಮೇಲಿನ ಮರಳಿನ ಭಾರ ಉಸಿರಾಟಕ್ಕೂ ಅಡ್ಡಿ.

ಮೊದಲು ಮೇನ್ ಸ್ವಿಚ್ ಆರಿಸಬೇಕು. ಅದಾಗುವವರೆಗೆ ವ್ಯಕ್ತಿಯನ್ನು ಮುಟ್ಟಬಾರದು. ಹೈಟೆನ್ಶನ್ ಲೈನ್ ಆಗಿದ್ದರೆ ಒಣ ಕೋಲು ಹಿಡಿದು ಹತ್ತಿರ ಹೋಗುವುದೂ ಅಪಾಯ, ವಿದ್ಯುತ್ ಕಡಿತವಾಗುವವರೆಗೆ ದೂರವೇ ಇರಬೇಕು. ಆಮೇಲೆ ಕೂಗಿ, ಭುಜ ತಟ್ಟಿ ನೋಡಿ. ಪ್ರತಿಕ್ರಿಯೆ ಇಲ್ಲದೆ, ಉಸಿರಾಟ ಸಹಜವಾಗಿಲ್ಲದಿದ್ದರೆ 108ಕ್ಕೆ ಕರೆ ಮಾಡಿಸಿ ಎದೆ ಒತ್ತುವುದನ್ನು ಶುರು ಮಾಡಬೇಕು: ಎದೆಯ ನಡುವೆ, ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. 5 ಸೆಂಟಿಮೀಟರ್ ಎಂದು ಓದಿದರೆ ಕಡಿಮೆ ಅನ್ನಿಸುತ್ತದೆ. ಗೊಂಬೆಯ ಮೇಲೆ ಒಮ್ಮೆ ಒತ್ತಿ ನೋಡಿದರೆ ಎಷ್ಟು ಬಲ ಬೇಕು, ಎರಡು ನಿಮಿಷಕ್ಕೆ ಕೈ ಎಷ್ಟು ಸೋಲುತ್ತದೆ ಎಂದು ಗೊತ್ತಾಗುತ್ತದೆ. ವಿಡಿಯೋ ನೋಡಿ ಕಲಿಯಬಹುದಲ್ಲ ಎಂದು ಕೇಳುವವರಿಗೆ ನಮ್ಮ ಉತ್ತರ ಇದೇ.

ಬೆರಳು, ಆಸಿಡ್

ಪವರ್ ಪ್ರೆಸ್ ಮತ್ತು ಕತ್ತರಿಸುವ ಯಂತ್ರಗಳಿರುವ ಕಡೆ ಬೆರಳು ತುಂಡಾಗುವುದು ಅಪರೂಪವಲ್ಲ. ಗಾಯದ ಮೇಲೆ ಶುದ್ಧ ಬಟ್ಟೆಯಿಟ್ಟು ಗಟ್ಟಿಯಾಗಿ ಒತ್ತಿ ರಕ್ತ ನಿಲ್ಲಿಸುವುದು ಮೊದಲು. ತುಂಡಾದ ಭಾಗವನ್ನು ನೇರವಾಗಿ ಐಸಿಗೆ ಹಾಕಿದರೆ ಅಂಗಾಂಶ ಹೆಪ್ಪುಗಟ್ಟಿ ಸಾಯುತ್ತದೆ, ಮತ್ತೆ ಜೋಡಿಸುವ ಅವಕಾಶ ಹಾಳಾಗುತ್ತದೆ. ಅದನ್ನು ತೇವದ ಶುದ್ಧ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸು ಬೆರೆಸಿದ ನೀರಿನಲ್ಲಿಟ್ಟು ಗಾಯಾಳುವಿನ ಜೊತೆಗೇ ಆಸ್ಪತ್ರೆಗೆ ಒಯ್ಯಬೇಕು.

ಆಸಿಡ್‌ಗೆ ಸೋಡಾ ಬೇಡ. ಎರಡೂ ಸೇರಿದಾಗ ಬಿಸಿ ಹುಟ್ಟಬಹುದು, ಸೋಡಾ ಹುಡುಕುವ ಹೊತ್ತಿನಲ್ಲಿ ಚರ್ಮ ಸುಡುತ್ತಲೇ ಇರುತ್ತದೆ. ನೆನೆದ ಬಟ್ಟೆ ತೆಗೆದು, ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆಯಬೇಕು. ಕಣ್ಣಿಗೆ ಬಿದ್ದರೂ ನೀರೇ.

ಪೆಟ್ಟಿಗೆ ಇದೆ, ಬೀಗದ ಕೈ ಯಾರ ಹತ್ತಿರ?

ಕೆಲಸದ ಜಾಗಕ್ಕೂ ಪ್ರಥಮ ಚಿಕಿತ್ಸೆಗೂ ಹಳೆಯ ನಂಟು. 1877ರಲ್ಲಿ ಇಂಗ್ಲೆಂಡಿನಲ್ಲಿ ಸೇಂಟ್ ಜಾನ್ ಆಂಬುಲೆನ್ಸ್ ಅಸೋಸಿಯೇಷನ್ ಹುಟ್ಟಿದ ಕೆಲವೇ ವರ್ಷಗಳಲ್ಲಿ ಅದರ ತರಗತಿಗಳು ರೈಲ್ವೆ ಮತ್ತು ಗಣಿ ಕೆಲಸಗಾರರ ನಡುವೆ ಹರಡಿದವು. ನಮ್ಮಲ್ಲಿ 1948ರ ಕಾರ್ಖಾನೆ ಕಾಯ್ದೆಯ 45ನೇ ಕಲಂ, ಪ್ರತಿ 150 ಕೆಲಸಗಾರರಿಗೆ ಕನಿಷ್ಠ ಒಂದು ಪೆಟ್ಟಿಗೆ ಇರಬೇಕು ಎಂದಿತು. 500ಕ್ಕಿಂತ ಹೆಚ್ಚು ಜನರಿದ್ದರೆ ಆಂಬುಲೆನ್ಸ್ ಕೊಠಡಿಯೂ ಬೇಕು. ಎಲ್ಲರೂ ಮರೆಯುವ ಭಾಗ ಇನ್ನೊಂದಿತ್ತು: ಪ್ರತಿ ಪೆಟ್ಟಿಗೆಗೆ ಪ್ರಥಮ ಚಿಕಿತ್ಸೆಯ ಪ್ರಮಾಣಪತ್ರ ಪಡೆದ ಒಬ್ಬ ಜವಾಬ್ದಾರಿ ವ್ಯಕ್ತಿ ಇರಬೇಕು, ಆ ವ್ಯಕ್ತಿ ಕೆಲಸದ ಅಷ್ಟೂ ಹೊತ್ತು ಕೈಗೆ ಸಿಗುವಂತಿರಬೇಕು ಎಂದು ಅದೇ ಕಲಂ ಹೇಳಿತ್ತು. ಕಾರ್ಮಿಕ ಕಾನೂನುಗಳನ್ನು ಒಟ್ಟುಗೂಡಿಸಿದ 2020ರ ಸಂಹಿತೆಯಲ್ಲೂ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೆ ಜಾಗವಿದೆ.

ಕೆಲಸದ ಅಷ್ಟೂ ಹೊತ್ತು ಎಂದರೆ ನೈಟ್ ಶಿಫ್ಟೂ ಸೇರಿತು. ತರಬೇತಿ ಪಡೆದ ಸೂಪರ್‌ವೈಸರ್ ಸಂಜೆ ಆರಕ್ಕೆ ಮನೆಗೆ ಹೋದರೆ ರಾತ್ರಿ ಎರಡಕ್ಕೆ ಬೆರಳು ಕಳೆದುಕೊಂಡವನಿಗೆ ಯಾರು? ಗುತ್ತಿಗೆ ಕೆಲಸಗಾರರನ್ನು ತರಬೇತಿಯಿಂದ ಹೊರಗಿಡುವುದೂ ನಮಗೆ ಅರ್ಥವಾಗದ ಉಳಿತಾಯ, ಅಪಾಯದ ಕೆಲಸ ಬಹುಪಾಲು ಮಾಡುವವರು ಅವರೇ. ಒಮ್ಮೆ ಕಲಿತರೂ ಸಾಲದು. ಎದೆ ಒತ್ತುವ ಕೌಶಲ ಅಭ್ಯಾಸವಿಲ್ಲದಿದ್ದರೆ ಮೂರರಿಂದ ಆರು ತಿಂಗಳಲ್ಲೇ ಮಂಕಾಗುತ್ತದೆ ಎಂದು ಅಧ್ಯಯನಗಳು ಕಂಡುಕೊಂಡಿವೆ.

ಸೇಂಟ್ ಜಾನ್ ಆಂಬುಲೆನ್ಸ್, ಭಾರತೀಯ ರೆಡ್ ಕ್ರಾಸ್ ಸಂಸ್ಥೆಗಳು ತರಬೇತಿ ನೀಡುತ್ತವೆ. ಏರ್ಪಡಿಸುವ ಮುಂಚೆ ನಿಮ್ಮಲ್ಲಿ ಏನೇನು ಅಪಾಯವಿದೆ ಎಂದು ತರಬೇತುದಾರರಿಗೆ ತಿಳಿಸಿ. ಪ್ರೆಸ್ ಶಾಪಿಗೂ ಬಣ್ಣದ ಕಾರ್ಖಾನೆಗೂ ಒಂದೇ ಪಾಠ ಸಾಕಾಗುವುದಿಲ್ಲ. ಆಂಬುಲೆನ್ಸ್ ಬಂದಾಗ ಯಾರು ಗೇಟಿನಲ್ಲಿ ನಿಂತು ದಾರಿ ತೋರಿಸಬೇಕು, 108ಕ್ಕೆ ಕರೆ ಮಾಡಿದವರು ಯಾವ ಗುರುತು ಹೇಳಬೇಕು ಎಂಬುದನ್ನೂ ಅವತ್ತೇ ನಿಗದಿ ಮಾಡಿ, ಪೆಟ್ಟಿಗೆಯ ಪಕ್ಕ ಕನ್ನಡದಲ್ಲೂ ಕೆಲಸಗಾರರಿಗೆ ಬರುವ ಉಳಿದ ಭಾಷೆಗಳಲ್ಲೂ ಬರೆದು ಅಂಟಿಸಿ.